ಸವಾರಿ ಕುದುರೆಯನ್ನು ಜಟಕಾಗೆ ಹೂಡಬೇಕು: ಮನೆಮಂದಿ ಹತ್ತುವ ಮೊದಲು ಏನೇನು ಆಗಬೇಕು?

ತೋಟದಮನೆ (ಪ್ರಶ್ನೆ):

ನಮಸ್ಕಾರ. ಮೈಸೂರು–ಟಿ. ನರಸೀಪುರ ಕಡೆ ನಮ್ಮ ತೋಟ. ಏಳು ವರ್ಷದ ಕಾಠಿಯಾವಾಡಿ ತಳಿಯ ಹೆಣ್ಣು ಕುದುರೆ ಇದೆ. ಸವಾರಿಗೆ ಚೆನ್ನಾಗಿ ಪಳಗಿದೆ, ಗಾಡಿ ಎಳೆದು ಗೊತ್ತಿಲ್ಲ. ಎದೆ ಸುತ್ತಳತೆ 160 ಸೆಂ.ಮೀ., ಭುಜದ ತುದಿಯಿಂದ ಪೃಷ್ಠದ ತುದಿವರೆಗೆ ಉದ್ದವೂ 160 ಸೆಂ.ಮೀ. ಮನೇಲಿ ನಾನು 72 ಕೆ.ಜಿ., ಹೆಂಡತಿ 58, ಅಪ್ಪ 66 (ಮಂಡಿ ನೋವು, ಸವಾರಿ ಆಗಲ್ಲ), ಮಕ್ಕಳು 12 ಮತ್ತು 8 ವರ್ಷದವರು, 36 ಮತ್ತು 23 ಕೆ.ಜಿ. ಎಲ್ಲರೂ ಒಟ್ಟಿಗೆ ತೋಟದ ರಸ್ತೆ, ನಾಲೆ ಏರಿ ಮೇಲೆ ಹೋಗಿಬರೋ ಆಸೆ. ಹಳೆ ಜಟಕಾ ಒಂದು ಮಾರಾಟಕ್ಕಿದೆ, ಟೈರ್ ಚಕ್ರ, ತೂಕ ಸುಮಾರು 180 ಕೆ.ಜಿ. ಈ ಕುದುರೆಗೆ ಇಷ್ಟು ಭಾರ ಆಗುತ್ತಾ? ಹೇಗೆ ಕಲಿಸಬೇಕು? ಮಕ್ಕಳ ಕೈಗೆ ಲಗಾಮು ಯಾವಾಗ ಕೊಡಬಹುದು?

ಲಾಯದ ಕಡೆಯವರು:

ಮೊದಲು ತೂಕ. ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 11880ರಿಂದ ಭಾಗಿಸಿ. ನಿಮ್ಮ ಕುದುರೆ ಸುಮಾರು 345 ಕೆ.ಜಿ. ಆಯ್ತು. ಬೆನ್ನ ಮೇಲಿನ ಹೊರೆ ಜೀನೂ ಸೇರಿ ಮೈತೂಕದ ಐದನೇ ಒಂದು ಭಾಗ, ಅಂದ್ರೆ 69 ಕೆ.ಜಿ. ದಾಟಬಾರದು. ನೀವೇ 72, ಜೀನು 7–8. ಸವಾರಿಯನ್ನು ಹೆಂಡತಿ, ಮಕ್ಕಳಿಗೆ ಬಿಡಿ. ನಿಮಗೆ ಗಾಡಿಯೇ ಸರಿ.

ಗಾಡಿ ಲೆಕ್ಕ ಬೇರೆ. ಚಕ್ರ ಸಲೀಸಾಗಿ ಉರುಳಿದರೆ, ಗಟ್ಟಿ ಸಮತಟ್ಟು ನೆಲದಲ್ಲಿ, ಗಾಡಿ ಜನ ಎಲ್ಲ ಸೇರಿ ತನ್ನ ಮೈತೂಕದಷ್ಟನ್ನು ಕುದುರೆ ಆರಾಮಾಗಿ ಎಳೆಯುತ್ತೆ. ನಿಮ್ಮದು ಒಟ್ಟು 435. ಮೈ ಹದಕ್ಕೆ ಬಂದ ಮೇಲೆ ಸಮತಟ್ಟಿನಲ್ಲಿ, ಬರೀ ನಡಿಗೆಯಲ್ಲಿ ಆದೀತು. ಮರಳು, ಕೆಸರು, ಏರು ಸಿಕ್ಕಿದರೆ ಬೇಡ. ಮೊದಲ ಆರು ತಿಂಗಳು ನೀವು, ಅಪ್ಪ, ಚಿಕ್ಕ ಮಗು ಅಷ್ಟೇ. ಗಾಡಿಯೂ ಸೇರಿ 341 ಆಗುತ್ತೆ.

ಈಗ ಮುಖ್ಯ ವಿಷಯ. ಬೆನ್ನ ಮೇಲೆ ಮನುಷ್ಯನನ್ನು ಒಪ್ಪಿದ ಕುದುರೆ, ಹಿಂದೆ ಸದ್ದು ಮಾಡುತ್ತ ಬರೋ ಗಾಡಿಯನ್ನೂ ಒಪ್ಪುತ್ತೆ ಅಂದ್ಕೋಬೇಡಿ. ಒಮ್ಮೆ ಬೆದರಿ ಓಡಿದರೆ ಗಾಡಿಯೂ ಹಿಂದೆಯೇ ಓಡಿ ಬರುತ್ತೆ, ಅದನ್ನು ಕಂಡು ಇನ್ನೂ ಬೆದರುತ್ತೆ. ಹಾಗೆ ಒಮ್ಮೆ ಗಾಡಿ ಸಮೇತ ಓಡಿದ ಕುದುರೆಯನ್ನು ಮತ್ತೆ ಮನೆಮಂದಿಗೆ ನಂಬೋದು ಕಷ್ಟ. ಆದ್ದರಿಂದ ಕಲಿಕೆಗೆ ಎರಡು–ಮೂರು ತಿಂಗಳು ಇಟ್ಕೊಳ್ಳಿ, ದಿನಕ್ಕೆ 20–30 ನಿಮಿಷ ಸಾಕು.

ಮೊದಲು 7–8 ಮೀಟರ್ ಉದ್ದದ ಎರಡು ಹಗ್ಗ ಕಟ್ಟಿ, ಪಕ್ಕದಿಂದ ಶುರು ಮಾಡಿ ಆಮೇಲೆ ಹಿಂದಿನಿಂದ ನಡೆಸಿ. ಸವಾರಿಯಲ್ಲಿ ನಿಮ್ಮ ಕಾಲು ಹೇಳುತ್ತಿದ್ದ ಮಾತನ್ನು ಇಲ್ಲಿ ದನಿ ಹೇಳಬೇಕು. ‘ನಿಲ್ಲು’ ಅಂದ್ರೆ ಮೂರು ನಿಮಿಷ ಕದಲದೆ ನಿಲ್ಲೋವರೆಗೆ ಮುಂದಕ್ಕೆ ಹೋಗಬೇಡಿ. ಆಮೇಲೆ ಕಣ್ಣುಪಟ್ಟಿ (ಹಿಂದೆ, ಪಕ್ಕಕ್ಕೆ ಕಾಣದ ಹಾಗೆ ಕಣ್ಣಿನ ಬದಿಗೆ ಬರೋ ಮರೆ) ಹಾಕಿ ಅದೇ ಪಾಠ ಮತ್ತೆ. ನಂತರ ಸರಂಜಾಮು ಹಾಕಿ, ಪಟ್ಟಿಗಳು ಹಿಂಗಾಲಿಗೆ ತಾಗಿದರೂ ಒದೆಯದಷ್ಟು ಅಭ್ಯಾಸ ಮಾಡಿಸಿ. ಸದ್ದಿಗೆ, ಇನ್ನೊಬ್ಬರು ಮರದ ದಿಮ್ಮಿಯನ್ನು ಮೊದಲು ಕುದುರೆಯ ಮುಂದೆ, ಆಮೇಲೆ ಪಕ್ಕದಲ್ಲಿ, ಕೊನೆಗೆ ಹಿಂದೆ ಎಳೀಲಿ. ಅದಕ್ಕೆ ಒಗ್ಗಿದ ಮೇಲೆ ಹಳೇ ಟೈರನ್ನು ಮೂರು ಮೀಟರ್ ಹಿಂದಕ್ಕೆ ಬರೋ ಹಾಗೆ ಕಟ್ಟಿ. ಗಂಟು ಒಂದೇ ಎಳೆತಕ್ಕೆ ಬಿಚ್ಚಬೇಕು.

ಬಹಳ ಜನ ಬಿಟ್ಟುಬಿಡೋ ಹಂತ ಇದು: ಎರಡು ಬಿದಿರು ಗಳ ಎರಡೂ ಬದಿಗೆ ಹಿಡಿದು ತಿರುಗಿಸೋದು. ಶಾಫ್ಟ್ (ಗಾಡಿಯಿಂದ ಮುಂದಕ್ಕೆ ಚಾಚಿ ಕುದುರೆಯ ಎರಡೂ ಬದಿಗೆ ಬರೋ ಗಳಗಳು) ಮಧ್ಯೆ ಇದ್ದಾಗ ಕುದುರೆ ಮೈ ಬಾಗಿಸಿ ತಿರುಗೋಕಾಗಲ್ಲ. ಮುಂಗಾಲು ಅಡ್ಡಡ್ಡ ಇಟ್ಟು, ಭುಜದಿಂದ ಗಳ ತಳ್ಳಿ ತಿರುಗಬೇಕು. ಇದು ಗೊತ್ತಿಲ್ಲದ ಕುದುರೆ ಮೊದಲ ತಿರುವಲ್ಲೇ ಗಾಬರಿ ಬೀಳುತ್ತೆ. ಇಷ್ಟೂ ಆದ ಮೇಲೆ ಖಾಲಿ ಗಾಡಿ, ತಲೆ ಹತ್ತಿರ ಒಬ್ಬರು, ಲಗಾಮಿಗೆ ಒಬ್ಬರು.

ಇನ್ನು ನಾಲೆ ಏರಿ. ಅಗಲ ಕಡಿಮೆ ಇದ್ದಲ್ಲಿ ಗಾಡಿ ತಿರುಗಲ್ಲ, ಹಿಂದಕ್ಕೆ ತಳ್ಳೋಕೆ ಕುದುರೆಗೆ ಬರಲ್ಲ, ಪಕ್ಕದಲ್ಲೇ ನೀರು. ಮೊದಲ ವರ್ಷ ಅಲ್ಲಿಗೆ ಬೇಡವೇ ಬೇಡ.

ಹೊಟ್ಟೆಪಟ್ಟಿ:

ಸರಂಜಾಮಿನ ಬಗ್ಗೆ ಒಂದಿಷ್ಟು. ಎದೆಪಟ್ಟಿ ಭುಜದ ತುದಿಗಿಂತ ಸ್ವಲ್ಪ ಮೇಲೆ, ಗಂಟಲಿಗಿಂತ ಕೆಳಗೆ. ಮೇಲೇರಿದರೆ ಉಸಿರು ಕಟ್ಟುತ್ತೆ, ಇಳಿದರೆ ಕಾಲು ಎತ್ತೋಕೆ ಅಡ್ಡ. ಬಾಲದ ಕುಣಿಕೆ ಹಾಕುವಾಗ ಒಂದು ಕೂದಲೂ ಒಳಗೆ ಸಿಗಬಾರದು, ಬುಡ ಕೆರೆದು ಹುಣ್ಣಾದರೆ ಒದೆ ಗ್ಯಾರಂಟಿ. ಹಿಂದೊಡೆ ಸುತ್ತಿ ಬರೋ ಹಿಂಪಟ್ಟಿಯೇ ಗಾಡಿಯ ಬ್ರೇಕು. ಕುದುರೆ ಎಳೀತಿರುವಾಗ ಅದಕ್ಕೂ ಮೈಗೂ ನಾಲ್ಕು ಬೆರಳು ಜಾಗ ಇರಲಿ.

ಎರಡು ಚಕ್ರದ ಗಾಡಿಯಲ್ಲಿ ತೂಕದ ಹದ ಬಹಳ ಮುಖ್ಯ. ಎಲ್ಲರೂ ಕೂತ ಮೇಲೆ ಶಾಫ್ಟ್ ತುದಿಯನ್ನು ಎರಡು ಬೆರಳಲ್ಲಿ ಎತ್ತೋಕಾಗಬೇಕು, 3–5 ಕೆ.ಜಿ. ಅಷ್ಟೇ. ಭಾರ ಹಿಂದಕ್ಕೆ ಜಾರಿದರೆ ಶಾಫ್ಟ್ ಮೇಲೆದ್ದು ಹೊಟ್ಟೆಪಟ್ಟಿ ಕುದುರೆಯ ಹೊಟ್ಟೆ ಕೊಯ್ಯುತ್ತೆ. ಮುಂದೆ ಜಾಸ್ತಿಯಾದರೆ ಹೆಜ್ಜೆ ಹೆಜ್ಜೆಗೂ ಬೆನ್ನಿಗೆ ಗುದ್ದು. ಜಟಕಾದಲ್ಲಿ ಜನ ಚಾಪೆ ಮೇಲೆ ಹಿಂದಕ್ಕೆ ಜಾರೋದು ಸಹಜ, ಅದಕ್ಕೇ ದಪ್ಪಗಿರೋರು ಮುಂದೆ ಕೂರಬೇಕು.

ಹೂಡುವಾಗ ಕಡಿವಾಣ, ಲಗಾಮು ಮೊದಲೇ ಹಾಕಿರಬೇಕು. ಕುದುರೆಯನ್ನು ಗಾಡಿಯೊಳಕ್ಕೆ ಹಿಮ್ಮೆಟ್ಟಿಸಬೇಡಿ, ಗಾಡಿಯನ್ನೇ ಹಿಂದಿನಿಂದ ಎಳೆದು ತನ್ನಿ. ಶಾಫ್ಟನ್ನು ಸರಂಜಾಮಿನ ಎರಡೂ ಬದಿಯ ಕುಣಿಕೆಗೆ ಸೇರಿಸಿ, ಮೊದಲು ಎಳೆಪಟ್ಟಿ (ಎದೆಪಟ್ಟಿಯಿಂದ ಗಾಡಿಗೆ ಹೋಗೋ ಪಟ್ಟಿ), ಆಮೇಲೆ ಹಿಂಪಟ್ಟಿ, ಕೊನೆಗೆ ಹೊಟ್ಟೆಪಟ್ಟಿ. ಬಿಚ್ಚೋದು ಇದರ ತಿರುಗುಮುರುಗು. ಲಗಾಮು ಹಿಡಿಯೋರು ಮೊದಲು ಹತ್ತಿ ಕೊನೆಗೆ ಇಳೀಬೇಕು, ಮನೆಯವರು ಕೊನೆಗೆ ಹತ್ತಿ ಮೊದಲು ಇಳೀಬೇಕು. ಗಾಡಿ ಕಟ್ಟಿದ್ದಾಗ ಎಂಥಾ ಸೆಕೆಯಿದ್ದರೂ ಕಡಿವಾಣ ಬಿಚ್ಚಬೇಡಿ: ಅದರ ಜತೆ ಕಣ್ಣುಪಟ್ಟಿಯೂ ಹೋದ ಕೂಡಲೇ ಬೆನ್ನ ಹಿಂದೆ ದೊಡ್ಡ ಗಾಡಿ ಕಾಣುತ್ತೆ, ತಡೆಯೋಕೆ ನಿಮ್ಮ ಕೈಯಲ್ಲಿ ಏನೂ ಇರಲ್ಲ. ಗಾಡಿ ಸಮೇತ ಮರಕ್ಕೂ ಕಟ್ಟಬೇಡಿ.

ತೋಟದಮನೆ:

ಇಬ್ಬರಿಗೂ ಧನ್ಯವಾದ. ಜಟಕಾ ಜತೆ ಕೊಡೋ ಸರಂಜಾಮಿನಲ್ಲಿ ಹಿಂಪಟ್ಟಿ ಇಲ್ಲ. ನಮ್ಮ ರಸ್ತೆ ಹೆಚ್ಚುಕಮ್ಮಿ ಸಮತಟ್ಟು, ಪರವಾಗಿಲ್ವಾ? ಇನ್ನೊಂದು, ಕಲಿಸಿದ ಮೇಲೆ ನಮಗೆ ಬಿಡುವು ಭಾನುವಾರ ಮಾತ್ರ.

ಹೊಟ್ಟೆಪಟ್ಟಿ:

ಇಲ್ಲ, ಸಮತಟ್ಟಾದರೂ ಹಿಂಪಟ್ಟಿ ಬೇಕೇ ಬೇಕು. ಮೋರಿ ಹತ್ತಿರದ ಸಣ್ಣ ಇಳಿಜಾರು ಸಾಕು, ಜನ ಸೇರಿ ನಾನೂರು ಕೆ.ಜಿ. ಆಗೋ ಗಾಡಿ ಹಿಂಗಾಲಿಗೆ ಬಡಿಯೋಕೆ. ಚರ್ಮದ ಕೆಲಸದವರ ಹತ್ತಿರ 6–7 ಸೆಂ.ಮೀ. ಅಗಲದ ಎರಡು ಪದರದ ಪಟ್ಟಿ ಹೊಲಿಸಿ. ಹಳೆ ಸರಂಜಾಮಿನ ಚರ್ಮವನ್ನೂ ಬಕಲ್ ಇರೋ ಕಡೆ ಬಾಗಿಸಿ ನೋಡಿ. ಬಿರುಕು ಕಂಡರೆ ಆ ಪಟ್ಟಿ ಬದಲಾಯಿಸಿ.

ಹುರುಳಿ-ಬೂಸಾ:

ಭಾನುವಾರದ ಮಾತಿಗೆ ಹೇಳ್ತೀನಿ. ವಾರವಿಡೀ ನಿಲ್ಲಿಸಿ, ಹುರುಳಿ ಬೂಸಾ ಪೂರ್ತಿ ಹಾಕಿ, ಒಮ್ಮೆಗೇ ಗಾಡಿಗೆ ಕಟ್ಟಿದರೆ ಹೊರಟ ಸ್ವಲ್ಪ ಹೊತ್ತಿಗೇ ಹಿಂಗಾಲು ಬಿಗಿದು, ಬೆವರು ಸುರಿದು, ಹೆಜ್ಜೆ ಇಡದೆ ನಿಲ್ಲಬಹುದು. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತೆ. ಸ್ನಾಯು ಒಡೆದು ಅದರ ಬಣ್ಣ ರಕ್ತಕ್ಕೆ ಸೇರಿದ ಲಕ್ಷಣ ಅದು, ಮೂತ್ರಪಿಂಡವೇ ಕೆಡಬಹುದು. ಆಗ ಮನೆವರೆಗೂ ನಡೆಸೋದು ಬೇಡ. ಅಲ್ಲೇ ಗಾಡಿ ಬಿಚ್ಚಿ, ನೆರಳು ಮಾಡಿ, ಡಾಕ್ಟರನ್ನು ಅಲ್ಲಿಗೇ ಕರೆಸಿ.

ತಪ್ಪಿಸೋದು ಕಷ್ಟವಲ್ಲ. ಕೆಲಸ ಇಲ್ಲದ ದಿನ ಕಾಳನ್ನು ಅರ್ಧಕ್ಕೆ ಇಳಿಸಿ, ಹುಲ್ಲು ಕಡಿಮೆ ಮಾಡಬೇಡಿ. ಈ ಮೈಗೆ ದಿನಕ್ಕೆ 7 ಕೆ.ಜಿ. ಒಣಹುಲ್ಲು ಬೇಕು. ದಿನಾ ಬಯಲಿಗೆ ಬಿಡಿ, ವಾರದಲ್ಲಿ ಎರಡು–ಮೂರು ದಿನವಾದರೂ ಅರ್ಧ ಗಂಟೆ ಹಗ್ಗದಲ್ಲಿ ನಡೆಸಿ. ದೊಡ್ಡ ಮಗು ಜತೆಗೆ ಬರಲಿ. ನೀರು ದಿನಕ್ಕೆ 25–30 ಲೀಟರ್, ಬೇಸಿಗೆಯಲ್ಲಿ 40 ದಾಟುತ್ತೆ. ಗೊರಸು ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಿ ಲಾಳ ಹಾಕಿಸಿ. ಧನುರ್ವಾಯು ಲಸಿಕೆ ತಪ್ಪಿಸಬೇಡಿ, ಕುದುರೆಗೆ ಅದು ಬೇಗ ತಗಲುತ್ತೆ.

ಹೊರೆ ಹೆಚ್ಚಾಯ್ತಾ ಅಂತ ತಿಳಿಯೋಕೆ ದವಡೆ ಮೂಳೆಯ ಒಳಬದಿಯಲ್ಲಿ ನಾಡಿ ಹಿಡಿದು ನೋಡಿ. ಸುಮ್ಮನಿದ್ದಾಗ ನಿಮಿಷಕ್ಕೆ 28–44. ಗಾಡಿ ಬಿಚ್ಚಿ 15–20 ನಿಮಿಷವಾದರೂ 60ರ ಕೆಳಗೆ ಇಳಿಯದಿದ್ದರೆ ಮುಂದಿನ ವಾರ ಒಬ್ಬರನ್ನು ಇಳಿಸಿ.

ಕಾನೂನೂ ಇದೆ. ಎಳೆಯುವ, ಹೊರೆ ಹೊರುವ ಪ್ರಾಣಿಗಳ ಹಿಂಸೆ ತಡೆಗೆ 1965ರಲ್ಲಿ ಬಂದ ನಿಯಮದ ಪ್ರಕಾರ, ಓಡಿಸೋರು ಮತ್ತು ಆರು ವರ್ಷದೊಳಗಿನ ಮಕ್ಕಳನ್ನು ಬಿಟ್ಟು ನಾಲ್ಕೇ ಜನ. ನೀವೈದು ಜನ ಸರಿಯಾಗಿ ಆ ಮಿತಿಗೇ ಬರ್ತೀರಿ. ಬಿಸಿಲು 37 ಡಿಗ್ರಿ ದಾಟೋ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತಿಲ್ಲ.

ಲಾಯದ ಕಡೆಯವರು:

ಮಕ್ಕಳ ಪ್ರಶ್ನೆ ಉಳಿದಿತ್ತು. ಗಾಡಿ ಮೂರು–ನಾಲ್ಕು ತಿಂಗಳು ತಕರಾರಿಲ್ಲದೆ ಓಡಿದ ಮೇಲೆ, ಬೇಲಿ ಹಾಕಿದ ಜಾಗದಲ್ಲಿ, 12 ವರ್ಷದವರು ನಿಮ್ಮ ಕೈ ಹಿಂದೆ ಅದೇ ಲಗಾಮು ಹಿಡೀಲಿ. ಬಾಯಿಂದ ಬರೋ ಎಳೆತ ಗೊತ್ತಾದ ಮೇಲೆ ನೀವು ಹಿಂದೆ, ಮಗು ಮುಂದೆ. ಕೈಗೆ ಲಗಾಮು ಸುತ್ತಿಕೊಳ್ಳೋದು ಯಾರಿಗೂ ಬೇಡ, ಕುದುರೆ ಜಗ್ಗಿದರೆ ಮನುಷ್ಯನೂ ಹಿಂದೆಯೇ ಹೋಗ್ತಾನೆ. ಸವಾರಿಯ ಹೆಲ್ಮೆಟ್ಟು ಗಾಡಿಯಲ್ಲೂ ಇರಲಿ, ಸೈಕಲ್‌ದು ನಡೆಯಲ್ಲ. ಚಿಕ್ಕವರು ದೊಡ್ಡವರ ಪಕ್ಕ, ಚಕ್ರದ ಕಡೆಗಲ್ಲ.

ಅಪ್ಪನವರಿಗೆ ಜಟಕಾದಲ್ಲಿ ಚಕ್ಕಂಬಕ್ಕಳ ಕೂರೋದು ಆಗಲಿಕ್ಕಿಲ್ಲ. ಅಚ್ಚಿನ ಮೇಲೆಯೇ ಬರೋ ಹಾಗೆ 35–40 ಸೆಂ.ಮೀ. ಎತ್ತರದ ಹಲಗೆ ಕೂರಿಸಿ, ಬೋಲ್ಟ್ ಹಾಕಿ ಬಿಗಿ ಮಾಡಿಸಿ. ಹತ್ತೋಕೆ ಹಿಂದೆ ಎರಡು ಮೆಟ್ಟಿಲು, ಹಿಡಿಯೋಕೆ ಒಂದು ಕಬ್ಬಿಣದ ಸಲಾಕೆ. ಅವರು ಮೆಟ್ಟಿಲ ಮೇಲೆ ಕಾಲಿಟ್ಟಾಗ ಶಾಫ್ಟ್ ಮೇಲೇಳುತ್ತೆ, ಆಗ ಒಬ್ಬರು ಮುಂದೆ ನಿಂತು ಅದನ್ನು ಒತ್ತಿ ಹಿಡೀಬೇಕು.