ನಾಕೌಟ್ ಆದವಗ (ಬಾಕ್ಸಿಂಗ್‌ನ್ಯಾಗ ಪೆಟ್ಟಿಗೆ ಬಿದ್ದು ಏಳದವಗ) ಲಗೂನ ಮರುಪಂದ್ಯ ಕೊಡಬೇಕೇನ್ರಿ?

ಪ್ರಶ್ನೆ (ಹುಬ್ಬಳ್ಳಿ): ಜಾತ್ರಿ ಕುಸ್ತಿಯೊಳಗ ಬೆನ್ನಿಗೆ ಮಣ್ಣು ಹತ್ತಿದ ಪೈಲ್ವಾನ ಮುಂದಿನ ವಾರನ ಮತ್ತ ಅಖಾಡಕ್ಕ ಇಳೀತಾನ. ಬಾಕ್ಸಿಂಗ್‌ನ್ಯಾಗೂ ಹಂಗ ಆಗಬೇಕಲ್ರಿ?

ಉತ್ತರ (ಧಾರವಾಡ): ಇಲ್ರಿ. ಚಿತ್ ಆಗೂದು ಬ್ಯಾರೆ, ಎಚ್ಚರ ತಪ್ಪೂದು ಬ್ಯಾರೆ. ಗದ್ದಕ್ಕ ಹುಕ್ (ಪಕ್ಕದಿಂದ ಬೀಸೂ ಗುದ್ದು) ಬಿತ್ತಂದ್ರ ತಲಿ ಗರ್ರನೆ ತಿರುಗಿ ಬುರುಡಿಯೊಳಗ ಮಿದುಳು ಅಲುಗತೈತಿ. ಅದು ಮಾಯೂದ್ರೊಳಗ ಇನ್ನೊಂದು ಪೆಟ್ಟು ಬಿದ್ರ ಮಿದುಳು ಬಾತು ಜೀವಕ್ಕ ಕುತ್ತು. ಅದಕ್ಕ ಹವ್ಯಾಸಿ ಬಾಕ್ಸಿಂಗ್‌ನ್ಯಾಗ ತಲಿಪೆಟ್ಟಿನ ನಾಕೌಟ್‌ಗೆ ಕನಿಷ್ಠ 30 ದಿನ ಸ್ಪಾರಿಂಗೂ (ಅಭ್ಯಾಸದ ಗುದ್ದಾಟ) ಬಂದ್. 3 ತಿಂಗಳೊಳಗ ಎರಡು ಸಲ ಆದ್ರ 90 ದಿನ.

ಉತ್ತರ (ಗದಗ): ವೃತ್ತಿಪರರೊಳಗ ಎಲ್ಲಾ ಕರಾರಿನ ಮ್ಯಾಲೆ. ಹೆವಿವೇಟ್ ಚಾಂಪಿಯನ್ ಲೆನಾಕ್ಸ್ ಲೂಯಿಸ್ 2001ರ ಏಪ್ರಿಲ್‌ನ್ಯಾಗ ಹಸೀಮ್ ರಹಮಾನ್ ಕೈಯಾಗ 5ನೇ ಸುತ್ತಿಗೆ ಬಿದ್ದ. ಮರುಪಂದ್ಯದ ಕರಾರಿತ್ತು, ಕೋರ್ಟಿಗೆ ಹೋಗಿ ಪಡಕೊಂಡ, ನವೆಂಬರ್‌ನ್ಯಾಗ 4ನೇ ಸುತ್ತಿಗೆ ಕೆಡವಿದ. ಇನ್ನೊಬ್ಬ ಹೆವಿವೇಟ್ ಚಾಂಪಿಯನ್ ಫ್ಲಾಯ್ಡ್ ಪ್ಯಾಟರ್ಸನ್ ಗತಿ ನೋಡ್ರಿ: 1962ರಾಗ ಸನ್ನಿ ಲಿಸ್ಟನ್‌ಗೆ ಮೊದಲ ಸುತ್ತಿನ್ಯಾಗ ಸೋತ, 1963ರಾಗ ಮತ್ತ ಮೊದಲ ಸುತ್ತಿನ್ಯಾಗ ಸೋತ. ಬಲಗೈ ಗದ್ದದಿಂದ ಕೆಳಗಿಳಿಸೂ ಚಟ ತಿದ್ದದ ಯಾರಿಗೂ ಮರುಪಂದ್ಯ ಬ್ಯಾಡ ಅಂತೀನಿ.

ಪ್ರಶ್ನೆ ಕೇಳಿದವರು: 30 ದಿನ ಮುಗಿದ ಮರುದಿನ ಇಳೀಬಹುದೇನ್ರಿ?

ಉತ್ತರ (ಧಾರವಾಡ): ಡಾಕ್ಟರ್ ಬರೆದುಕೊಟ್ಟ ಮ್ಯಾಲಷ್ಟ. ಮೊದಲು ಹಗುರ ಓಟ, ಆಮ್ಯಾಲೆ ಬ್ಯಾಗ್ ಗುದ್ದೂದು, ಕಡೀಕ ಸ್ಪಾರಿಂಗ್. ಹಂತಕ್ಕ ಕನಿಷ್ಠ 24 ತಾಸು. ನಡುವ ತಲಿನೋವು ಬಂತೋ, ಒಂದು ಹಂತ ಹಿಂದಕ್ಕ ಬರ್ರಿ.