ಸಿಇಟಿ ಲೆಕ್ಕ, ಫಿಸಿಕ್ಸ್: ಮೇಷ್ಟ್ರನ್ನು ಕೇಳಿ

ಈ ಭಾನುವಾರ ಗುಂಪಿನಲ್ಲಿ ಉತ್ತರ ಕೊಡುತ್ತಿರುವವರು ಪಿಯು ಕಾಲೇಜುಗಳಲ್ಲಿ ಬಹಳ ವರ್ಷ ಫಿಸಿಕ್ಸ್ ಕಲಿಸಿದವರು. ಗಣಿತದ ಉಪನ್ಯಾಸಕರು ರಜೆ ಹಾಕಿದಾಗಲೆಲ್ಲ ಆ ಕ್ಲಾಸನ್ನೂ ತೆಗೆದುಕೊಂಡವರು. ಹೆಸರು ಹಾಕಬೇಡಿ, ಮೇಷ್ಟ್ರು ಅಂದರೆ ಸಾಕು ಎಂದಿದ್ದಾರೆ. ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯ ಪ್ರಶ್ನೆ ಮಾತ್ರ ಕೇಳಿ. ನೀಟ್ ಬಗ್ಗೆ ಇನ್ನೊಂದು ವಾರ ನೋಡೋಣ.

ಪ್ರಶ್ನೆ (ಸೆಕೆಂಡ್ ಪಿಯು ವಿದ್ಯಾರ್ಥಿ, ಹಾಸನ): ಸರ್, ಕ್ಲಾಸಲ್ಲಿ ಕೂತಾಗ ಎಲ್ಲಾ ಅರ್ಥ ಆಗುತ್ತೆ. ಮನೆಗೆ ಬಂದು ಪುಸ್ತಕ ತೆಗೆದರೆ ಒಂದು ಲೆಕ್ಕವೂ ಬರಲ್ಲ. ಫಿಸಿಕ್ಸ್ ಫಾರ್ಮುಲಾ ಎಲ್ಲಾ ಬಾಯಿಪಾಠ ಇದೆ. ಆದರೂ ಮಾಕ್ ಟೆಸ್ಟಲ್ಲಿ 60ಕ್ಕೆ 22 ಬಂತು. ಏನು ಮಾಡಲಿ?

ಮೇಷ್ಟ್ರು: ಫಾರ್ಮುಲಾ ಬಾಯಿಪಾಠ ಇದೆ ಅಂದೆಯಲ್ಲ, ತೊಂದರೆ ಅಲ್ಲೇ ಇದ್ದ ಹಾಗಿದೆ. ಮೊದಲು ಒಂದು ಲೆಕ್ಕ ಮಾಡು. ಒಂದು ತಂತಿಯ ರೆಸಿಸ್ಟೆನ್ಸ್ 5 ಓಮ್. ಅದನ್ನು ಎಳೆದು ಉದ್ದ ಎರಡರಷ್ಟು ಮಾಡಿದೆವು. ಈಗ ರೆಸಿಸ್ಟೆನ್ಸ್ ಎಷ್ಟು? ಎ) 2.5 ಬಿ) 5 ಸಿ) 10 ಡಿ) 20. ಉತ್ತರ ನಾನು ಈಗ ಹೇಳಲ್ಲ. ಮಾಡಿ ಕೆಳಗೆ ಹಾಕು. ಗಡಿಯಾರ ನೋಡಿಕೊಂಡು ಮಾಡು. ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಅಂದರೆ ಒಂದಕ್ಕೆ 80 ಸೆಕೆಂಡ್. ಓಎಂಆರ್ ಹಾಳೆಯಲ್ಲಿ ಗುಂಡಗೆ ತುಂಬುವ ಸಮಯವೂ ಅದರೊಳಗೇ.

ಈಗ ನಿನ್ನ ವಿಷಯ. ಫಿಸಿಕ್ಸ್ ಬರಲ್ಲ ಎಂದು ನನ್ನ ಹತ್ತಿರ ಬಂದ ಮಕ್ಕಳಲ್ಲಿ ಜಾಸ್ತಿ ಜನಕ್ಕೆ ಬಾರದೇ ಇದ್ದದ್ದು ಫಿಸಿಕ್ಸ್ ಅಲ್ಲ, ಲೆಕ್ಕ. ಅದೂ ಫಸ್ಟ್ ಪಿಯು ಲೆಕ್ಕ. ಆ ವರ್ಷ ಬೋರ್ಡ್ ಪರೀಕ್ಷೆ ಇಲ್ಲ ಅಂತ ಎಲ್ಲರೂ ಸ್ವಲ್ಪ ಹಗುರವಾಗಿ ತಗೊಳ್ತಾರೆ. ಆಮೇಲೆ ಎಲೆಕ್ಟ್ರಿಕ್ ಫೀಲ್ಡ್ ಪಾಠಕ್ಕೆ ಬಂದಾಗ ಎರಡು ಚಾರ್ಜ್‌ಗಳಿಂದ ಬರುವ ಫೀಲ್ಡನ್ನು ಕೂಡಿಸಬೇಕು. ಅದು ವೆಕ್ಟರ್. ವೆಕ್ಟರನ್ನು ಸೈನ್, ಕಾಸ್ ಹಾಕಿ ಎರಡು ಭಾಗ ಮಾಡೋದು ಬರದಿದ್ದರೆ ಕೂಲಂಬನ ನಿಯಮ ಬಾಯಿಪಾಠ ಇದ್ದರೂ ಕೈ ನಿಂತುಬಿಡುತ್ತೆ. ಏಸಿ ಸರ್ಕ್ಯೂಟಿನ ಫೇಸರ್ ಚಿತ್ರದಲ್ಲೂ ಮತ್ತೆ ಅದೇ ವೆಕ್ಟರ್. ಮ್ಯಾಗ್ನೆಟಿಸಂಗೆ ಕ್ರಾಸ್ ಪ್ರಾಡಕ್ಟ್ ಬೇಕು. ಗ್ರಾಫ್ ಕೊಟ್ಟರೆ ಅದರ ಇಳಿಜಾರು ಏನು ಹೇಳುತ್ತೆ, ಕೆಳಗಿನ ವಿಸ್ತೀರ್ಣ ಏನು ಹೇಳುತ್ತೆ ಅಂತ ಗೊತ್ತಿರಬೇಕು. ಡೆರಿವೇಟಿವ್, ಇಂಟಿಗ್ರಲ್ ಅಂದರೆ ಕೊನೆಗೆ ಅಷ್ಟೇ ತಾನೆ.

ಹಾಗಾಗಿ ಈ ವಾರ ಹೊಸ ಪಾಠ ಮುಟ್ಟಬೇಡ. ಫಸ್ಟ್ ಪಿಯು ಪುಸ್ತಕದಲ್ಲಿ ವೆಕ್ಟರ್, ಟ್ರಿಗ್ನಾಮೆಟ್ರಿ, ಹತ್ತರ ಘಾತಗಳ ಲೆಕ್ಕ ಇಷ್ಟು ನೋಡು. ಸಿಇಟಿಗೆ ಕ್ಯಾಲ್ಕುಲೇಟರ್ ಬಿಡಲ್ಲ. ಹತ್ತರ ಮೈನಸ್ ಆರು, ಮೈನಸ್ ಒಂಬತ್ತು ಇವುಗಳನ್ನು ಗುಣಿಸಿ ಭಾಗಿಸೋದು ಕೈಗೆ ಕೂತಿರಬೇಕು.

ಇನ್ನು ಕ್ಲಾಸಲ್ಲಿ ಅರ್ಥ ಆಗೋದು, ಮನೆಯಲ್ಲಿ ಬರದೇ ಇರೋದು. ಇದರಲ್ಲಿ ಆಶ್ಚರ್ಯ ಇಲ್ಲ. ಅಮ್ಮ ರೊಟ್ಟಿ ತಟ್ಟೋದನ್ನು ದಿನಾ ನೋಡ್ತೀಯ. ನೀನು ತಟ್ಟಿದರೆ ಯಾವ ದೇಶದ ಮ್ಯಾಪ್ ಬರುತ್ತೆ ಹೇಳು. ಕ್ಲಾಸಲ್ಲಿ ಮಾಡಿಸಿದ ಲೆಕ್ಕವನ್ನೇ ಅವತ್ತು ರಾತ್ರಿ ನೋಟ್ಸ್ ಮುಚ್ಚಿ ಖಾಲಿ ಹಾಳೆಯಲ್ಲಿ ಮಾಡು. ಎಲ್ಲಿ ನಿಂತೆಯೋ ಅಲ್ಲಿ ಗೆರೆ ಎಳೆ. ಆಮೇಲೆ ನೋಟ್ಸ್ ತೆಗೆದು ಆ ಒಂದು ಹೆಜ್ಜೆ ಮಾತ್ರ ನೋಡು. ಮತ್ತೆ ಮುಚ್ಚು.

ಜೊತೆಗೆ ಒಂದು ತಪ್ಪಿನ ಪುಸ್ತಕ ಇಡು. 22 ಬಂತು ಅಂದರೆ 38 ಹೋಯಿತು. ಆ 38 ಯಾಕೆ ಹೋಯಿತು? ಪಾಠವೇ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಹೊಳೆಯಲಿಲ್ಲವೋ, ಸುಮ್ನೆ ಕೈತಪ್ಪೋ? ಪ್ರತಿಯೊಂದರ ಮುಂದೆ ಬರೆ. ನನ್ನ ವಿದ್ಯಾರ್ಥಿನಿಯೊಬ್ಬಳು ಹೀಗೆ ಬರೆದಾಗ ಅರ್ಧಕ್ಕಿಂತ ಜಾಸ್ತಿ ಸಾಲುಗಳಲ್ಲಿ ಒಂದೇ ಮಾತು ಬಂತು: ಚದರ ಸೆಂಟಿಮೀಟರನ್ನು ಚದರ ಮೀಟರ್ ಮಾಡುವಾಗ ಹತ್ತರ ಮೈನಸ್ ನಾಲ್ಕರ ಬದಲು ಮೈನಸ್ ಎರಡು. ಅವಳು ದಿನಾ ಐದು ಗಂಟೆ ಓದ್ತಿದ್ದಳು ಪಾಪ. ಬೇಕಾಗಿದ್ದದ್ದು ಒಂದು ಸಂಜೆ.

ಪ್ರಶ್ನೆ (ಒಬ್ಬ ತಂದೆ, ಚಳ್ಳಕೆರೆ): ಮೇಷ್ಟ್ರೇ ನಮಸ್ಕಾರ. ಮಗಳು ಹತ್ತನೇ ಕ್ಲಾಸ್ ಮುಗಿಸಿದ್ದಾಳೆ. ಕೋಚಿಂಗ್ ಸೇರಿರುವ ದೊಡ್ಡ ಕಾಲೇಜಿಗೆ ಹಾಕಿ ಅಂತಾರೆ ಎಲ್ಲರೂ. ಅಲ್ಲಿ ಬೋರ್ಡ್ ಪರೀಕ್ಷೆ ಲೆಕ್ಕಕ್ಕೇ ಇಲ್ಲ, ಸಿಇಟಿ ಒಂದೇ ಮುಖ್ಯ ಅಂದರಂತೆ. ಹೌದಾ?

ಮೇಷ್ಟ್ರು: ಹಾಗೆ ಹೇಳಿದವರು ನಿಮಗೆ ಅರ್ಧ ವಿಷಯ ಹೇಳಿಲ್ಲ. ಸಿಇಟಿಯ ಎಂಜಿನಿಯರಿಂಗ್ ರ‍್ಯಾಂಕಿಗೆ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಮೂರರಲ್ಲೂ ಪಿಯು ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಒಂದು ಲೆಕ್ಕ ನೋಡಿ. ಒಬ್ಬಳಿಗೆ ಸಿಇಟಿಯಲ್ಲಿ 180ಕ್ಕೆ 90, ಪಿಯುನಲ್ಲಿ ಈ ಮೂರು ವಿಷಯಕ್ಕೆ 300ಕ್ಕೆ 270. ಶೇಕಡಾ 50 ಮತ್ತು 90, ಸರಾಸರಿ 70. ಇನ್ನೊಬ್ಬನಿಗೆ ಸಿಇಟಿಯಲ್ಲಿ 110, ಆದರೆ ಪಿಯುನಲ್ಲಿ 210. ಅವನ ಸರಾಸರಿ 66ಕ್ಕೂ ಕಡಿಮೆ. ಸಿಇಟಿಯಲ್ಲಿ 20 ಅಂಕ ಮುಂದಿದ್ದ ಹುಡುಗ ರ‍್ಯಾಂಕಲ್ಲಿ ಹಿಂದೆ ಬಿದ್ದ.

ಜೆಇಇ ಮೇನ್ ಅನ್ನೋ ದೇಶಮಟ್ಟದ ಪ್ರವೇಶ ಪರೀಕ್ಷೆ ಬೇರೆ ದಾರಿ. ಅಲ್ಲಿ ರ‍್ಯಾಂಕಿಗೆ ಪಿಯು ಅಂಕ ಸೇರಲ್ಲ. ಆದರೆ ಎನ್‌ಐಟಿ, ಅಂದರೆ ಕೇಂದ್ರ ಸರ್ಕಾರದ ಎಂಜಿನಿಯರಿಂಗ್ ಕಾಲೇಜಿನ ಸೀಟು ಬೇಕಾದರೆ ಪಿಯುನಲ್ಲಿ ಶೇಕಡಾ 75 ಇರಬೇಕು, ಇಲ್ಲವೇ ಬೋರ್ಡಿನ ಮೇಲಿನ ಶೇಕಡಾ 20ರ ಒಳಗೆ ಬರಬೇಕು. ಎಸ್‌ಸಿ, ಎಸ್‌ಟಿ ಮಕ್ಕಳಿಗೆ 75ರ ಬದಲು 65. ಸುರತ್ಕಲ್ಲಿನ ಎನ್‌ಐಟಿಯಲ್ಲಿ ಅರ್ಧ ಸೀಟು ನಮ್ಮ ರಾಜ್ಯದವರಿಗೇ ಇದೆ. ಇದು ಬಹಳ ತಂದೆತಾಯಿಗಳಿಗೆ ಗೊತ್ತಿಲ್ಲ.

ಕಾಲೇಜು ಯಾವುದು ಅಂತ ನಾನು ಹೇಳಲ್ಲ. ಹೋಗಿ ನೋಡುವಾಗ ಗೋಡೆ ಮೇಲಿನ ರ‍್ಯಾಂಕಿನ ಫೋಟೋ ನೋಡಬೇಡಿ. ಟೆಸ್ಟ್ ಆದ ಮೇಲೆ ತಪ್ಪಾದ ಪ್ರಶ್ನೆಗಳನ್ನು ಯಾರು ಕೂತು ಬಿಡಿಸಿ ಹೇಳ್ತಾರೆ ಅಂತ ಅಲ್ಲಿನ ಮಕ್ಕಳನ್ನೇ ಕೇಳಿ. ಯಾರೂ ಇಲ್ಲ ಅಂದರೆ ನಿಮ್ಮ ಊರಿನ ಕಾಲೇಜೇ ವಾಸಿ, ಬಸ್ಸಿನ ದುಡ್ಡೂ ಉಳಿಯುತ್ತೆ. ಇನ್ನೊಂದು. ಮಗಳು ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೆಯಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಸಿಇಟಿಯಲ್ಲಿ ಮೀಸಲಾತಿ ಇದೆ: ಗ್ರಾಮೀಣ ಶೇಕಡಾ 15, ಕನ್ನಡ ಮಾಧ್ಯಮ ಶೇಕಡಾ 5. ವ್ಯಾಸಂಗ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಡಿ. ಕೊನೇ ವಾರದಲ್ಲಿ ಬಿಇಒ ಆಫೀಸಿನ ಮುಂದೆ ನಿಲ್ಲೋದು ಯಾರಿಗೆ ಬೇಕು.

ಪ್ರಶ್ನೆ (ಫಸ್ಟ್ ಪಿಯು ವಿದ್ಯಾರ್ಥಿನಿ, ಕೊಪ್ಪಳ): ಸರ್, ನಾನು ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಈಗ ಎಲ್ಲಾ ಇಂಗ್ಲಿಷ್. ಪ್ರಶ್ನೆ ಓದುವುದರಲ್ಲೇ ಟೈಮ್ ಹೋಗುತ್ತದೆ. ಉಳಿದವರು ನಗುತ್ತಾರೆ ಅಂತ ಕ್ಲಾಸಿನಲ್ಲಿ ಕೇಳುವುದಿಲ್ಲ.

ಮೇಷ್ಟ್ರು: ಮಗು, ನಗುವವರಲ್ಲಿ ಅರ್ಧ ಜನಕ್ಕೆ ಸ್ಪೀಡ್ ಮತ್ತು ವೆಲಾಸಿಟಿ ಎರಡೂ ಒಂದೇ. ನೀನು ಅವುಗಳನ್ನು ಜವ, ವೇಗ ಅಂತ ಬೇರೆ ಬೇರೆ ಹೆಸರಲ್ಲಿ ಓದಿ ಬಂದವಳು. ದಿಕ್ಕು ಸೇರಿದರೆ ವೇಗ, ಸೇರದಿದ್ದರೆ ಜವ. ಅದು ನಿನ್ನ ಕೈಯಲ್ಲಿರುವ ಬಂಡವಾಳ.

ಎಡವುವ ಜಾಗವೂ ಇದೆ. ಮಾತಿನಲ್ಲಿ ನಾವು ಬಲ, ಶಕ್ತಿ, ಸಾಮರ್ಥ್ಯ ಮೂರನ್ನೂ ಕಲಸಿಬಿಡ್ತೇವೆ. ಪುಸ್ತಕದಲ್ಲಿ ಬಲ ಅಂದರೆ ಫೋರ್ಸ್, ಶಕ್ತಿ ಅಂದರೆ ಎನರ್ಜಿ, ಸಾಮರ್ಥ್ಯ ಅಂದರೆ ಪವರ್. ಮೂರರ ಅಳತೆ ನ್ಯೂಟನ್, ಜೂಲ್, ವ್ಯಾಟ್. ಅಳತೆಯನ್ನು ಪದದ ಪಕ್ಕದಲ್ಲೇ ಬರೆದುಕೋ, ಗೊಂದಲ ಹೋಗುತ್ತೆ. ಪಾಠಕ್ಕೆ ಒಂದು ಪುಟದಂತೆ ಎರಡು ಕಾಲಮ್ಮಿನ ಪಟ್ಟಿ ಮಾಡು. ವೇಗೋತ್ಕರ್ಷ ಒಂದು ಕಡೆ, ಆಕ್ಸಿಲರೇಶನ್ ಇನ್ನೊಂದು ಕಡೆ.

ಪ್ರಶ್ನೆಯ ಇಂಗ್ಲಿಷ್ ಹೆದರುವಷ್ಟು ದೊಡ್ಡದಲ್ಲ. ಕೆಲವೇ ಪದಗಳು ತಿರುಗಿ ತಿರುಗಿ ಬರುತ್ತವೆ. ಸ್ಮೂತ್ ಅಂದರೆ ಘರ್ಷಣೆ ಬಿಡು ಅಂತ. ಅಟ್ ರೆಸ್ಟ್ ಅಂದರೆ ಮೊದಲ ವೇಗ ಸೊನ್ನೆ. ಲೈಟ್ ಸ್ಟ್ರಿಂಗ್ ಅಂದರೆ ದಾರದ ತೂಕ ಲೆಕ್ಕಕ್ಕಿಲ್ಲ. ಇಂಥ ನಲವತ್ತು ಐವತ್ತು ಪದ ಕಲಿತರೆ ಸಾಕು. ಜೆಇಇ ಮೇನ್ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಸಿಗುತ್ತೆ, ಅರ್ಜಿ ಹಾಕುವಾಗಲೇ ಆರಿಸಬೇಕು. ಆದರೆ ಎರಡು ವರ್ಷ ಇಂಗ್ಲಿಷಲ್ಲಿ ಓದಿದ ಮೇಲೆ ಕನ್ನಡದ ಪದ ನಿನಗೇ ಹೊಸದಾಗಿ ಕಾಣಬಹುದು. ಮೊದಲು ಒಂದು ಹಳೇ ಪತ್ರಿಕೆಯನ್ನು ಕನ್ನಡದಲ್ಲಿ ಬರೆದು ನೋಡಿ ಆಮೇಲೆ ತೀರ್ಮಾನ ಮಾಡು.

ಕೇಳೋದನ್ನು ಬಿಡಬೇಡ. ಕ್ಲಾಸಲ್ಲಿ ಆಗದಿದ್ದರೆ ಸ್ಟಾಫ್ ರೂಮಿಗೆ ಹೋಗು. ಮಕ್ಕಳು ಹುಡುಕಿಕೊಂಡು ಬಂದರೆ ಮೇಷ್ಟ್ರಿಗೆ ಖುಷಿನೇ.

ಪ್ರಶ್ನೆ (ಸೆಕೆಂಡ್ ಪಿಯು, ಮೈಸೂರು): ಗಣಿತಕ್ಕೆ ಶಾರ್ಟ್‌ಕಟ್ ಹೇಳಿ ಸರ್. 80 ನಿಮಿಷದಲ್ಲಿ ನನಗೆ 42 ಪ್ರಶ್ನೆ ಮಾತ್ರ ಆಗುತ್ತೆ.

ಮೇಷ್ಟ್ರು: ಶಾರ್ಟ್‌ಕಟ್ ಅಂತ ವಿಡಿಯೋದಲ್ಲಿ ಕೊಡುವ ನೂರು ಸೂತ್ರ ಬೇಡ. ಅದನ್ನು ನೆನಪಿಡೋದೇ ಇನ್ನೊಂದು ಸಿಲಬಸ್. ಅಕ್ಷರಗಳ ಜಾಗದಲ್ಲಿ ಬೆಲೆ ಹಾಕಿ ನೋಡೋದನ್ನು ಕಲಿ.

ಡಿಟರ್ಮಿನೆಂಟ್ ಇದೆ ಅಂತಿಟ್ಟುಕೋ. ಸಾಲುಗಳು 1, ಎ, ಎ ವರ್ಗ. 1, ಬಿ, ಬಿ ವರ್ಗ. 1, ಸಿ, ಸಿ ವರ್ಗ. ಆಯ್ಕೆಗಳಲ್ಲಿ ಎ, ಬಿ, ಸಿಗಳ ನಾಲ್ಕು ಗುಣಲಬ್ಧ ಇವೆ. ಎಗೆ 0, ಬಿಗೆ 1, ಸಿಗೆ 2 ಹಾಕು. ಡಿಟರ್ಮಿನೆಂಟ್ 2 ಬರುತ್ತೆ. ಈಗ ಅದೇ ಬೆಲೆಯನ್ನು ಆಯ್ಕೆಗಳಿಗೆ ಹಾಕು. (ಎ − ಬಿ)(ಬಿ − ಸಿ)(ಸಿ − ಎ)ಗೆ ಮೈನಸ್ 1, ಮೈನಸ್ 1, 2 ಸೇರಿ 2. ಸಿಕ್ಕಿತು. ಮೂರಕ್ಕೂ 1 ಹಾಕಬೇಡ, ಇಂಥ ವ್ಯತ್ಯಾಸ ಇರುವ ಆಯ್ಕೆಯೆಲ್ಲ ಸೊನ್ನೆ ಆಗಿ ಕೂರುತ್ತೆ. ಎರಡು ಆಯ್ಕೆಗೆ ಒಂದೇ ಉತ್ತರ ಬಂದರೆ ಬೇರೆ ಬೆಲೆ ಹಾಕಿ ನೋಡು.

ಫಿಸಿಕ್ಸಲ್ಲೂ ಇದೇ ಕೆಲಸ ಮಾಡುತ್ತೆ. ರಾಟೆಯ ಎರಡು ಬದಿ ಎರಡು ತೂಕ ನೇತಾಡುತ್ತಿವೆ, ಆಕ್ಸಿಲರೇಶನ್ ಎಷ್ಟು ಅಂತ ಪ್ರಶ್ನೆ. ಎರಡೂ ತೂಕ ಸಮ ಆದರೆ ಉತ್ತರ ಸೊನ್ನೆ ಆಗಲೇಬೇಕು. ಒಂದು ಬದಿ ಏನೂ ಇಲ್ಲದಿದ್ದರೆ ಇನ್ನೊಂದು ಸುಮ್ನೆ ಬೀಳುತ್ತೆ, ಅಂದರೆ ಉತ್ತರ ಜಿ, ಗುರುತ್ವದ ವೇಗೋತ್ಕರ್ಷ. ಈ ಎರಡು ಜರಡಿಗೆ ಹಾಕಿದರೆ ಸಾಮಾನ್ಯವಾಗಿ ಒಂದೇ ಆಯ್ಕೆ ಉಳಿಯುತ್ತೆ.

ಆದರೆ ಬೆಲೆ ಹಾಕಿದರೂ ತಪ್ಪಿಸಿಕೊಳ್ಳುವ ಪ್ರಶ್ನೆಗಳಿವೆ. ಸೈನ್ ಇನ್ವರ್ಸ್ ಆಫ್ ಸೈನ್ 120 ಡಿಗ್ರಿ ಎಷ್ಟು? 120 ಅಂತ ಗುಂಡಗೆ ತುಂಬಿ ಬರ್ತಾರೆ. ಸೈನ್ ಇನ್ವರ್ಸಿನ ಉತ್ತರ ಮೈನಸ್ 90ರಿಂದ 90ರ ಒಳಗಿರಬೇಕು. ಹಾಗಾಗಿ 60. ಇದಕ್ಕೆ ಪಾಠವೇ ಓದಬೇಕು, ಬೇರೆ ದಾರಿ ಇಲ್ಲ.

42 ಆಗುತ್ತೆ ಅಂದೆ. ಮೊದಲ ಸುತ್ತಿನಲ್ಲಿ ನೋಡಿದ ತಕ್ಷಣ ದಾರಿ ಕಾಣುವುದನ್ನು ಮಾತ್ರ ಮಾಡಿ ಮುಂದೆ ಹೋಗು. ಹಟಕ್ಕೆ ಬಿದ್ದು ಒಂದೇ ಇಂಟಿಗ್ರಲ್ ಜೊತೆ ಐದು ನಿಮಿಷ ಕೂರಬೇಡ. ಅದಕ್ಕೂ ಒಂದೇ ಅಂಕ. ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯಲ್ಲ, ಯಾವುದನ್ನೂ ಖಾಲಿ ಬಿಟ್ಟು ಬರಬೇಡ. ಖಾಸಗಿ ಕಾಲೇಜುಗಳ ಪ್ರವೇಶ ಪರೀಕ್ಷೆ ಕಾಮೆಡ್‌ಕೆಯಲ್ಲೂ ಕಳೆಯಲ್ಲ, ಆದರೆ ಅಲ್ಲಿ 180 ಪ್ರಶ್ನೆಗೆ 180 ನಿಮಿಷ. ಇನ್ನೂ ಓಟ.

ಪ್ರಶ್ನೆ (ಮೇಲಿನದಕ್ಕೆ, ಬೆಂಗಳೂರು): ಹಾಗಾದರೆ ಜೆಇಇ ಮೇನಲ್ಲಿ ಗೊತ್ತಿಲ್ಲದ್ದನ್ನು ಬಿಡಬೇಕಾ ಸರ್?

ಮೇಷ್ಟ್ರು: ಇದನ್ನೇ ಪ್ರಾಬಬಿಲಿಟಿ ಲೆಕ್ಕ ಮಾಡು. ಸರಿಯಾದರೆ ನಾಲ್ಕು, ತಪ್ಪಾದರೆ ಮೈನಸ್ ಒಂದು. ಕಣ್ಣು ಮುಚ್ಚಿ ನಾಲ್ಕರಲ್ಲಿ ಒಂದು ಒತ್ತಿದರೆ ಸರಾಸರಿ ಕಾಲು ಅಂಕ ಲಾಭ. ಎರಡು ಆಯ್ಕೆ ಹೊಡೆದುಹಾಕಿ ಉಳಿದೆರಡರಲ್ಲಿ ಒತ್ತಿದರೆ ಒಂದೂವರೆ. ಲೆಕ್ಕ ಒತ್ತು ಅನ್ನುತ್ತೆ. ಆದರೆ ಯಾರೂ ನಿಜವಾಗಿ ಕಣ್ಣು ಮುಚ್ಚಿ ಒತ್ತಲ್ಲ. 'ಇದೇ ಇರಬೇಕು' ಅನಿಸಿದ್ದನ್ನು ಒತ್ತುತ್ತಾರೆ. ಪತ್ರಿಕೆ ತೆಗೆಯುವವರು ಆ 'ಅನಿಸೋದನ್ನೇ' ಆಯ್ಕೆಯಲ್ಲಿ ಇಟ್ಟಿರ್ತಾರೆ. ಹೋಗುವಾಗ ಗಂಟೆಗೆ 40 ಕಿ.ಮೀ., ಬರುವಾಗ 60, ಸರಾಸರಿ ಜವ ಎಷ್ಟು ಅಂತ ಕೇಳಿ 50 ಅಂತ ಒಂದು ಆಯ್ಕೆ ಕೊಡ್ತಾರೆ. ಉತ್ತರ 48. ಎರಡು ಆಯ್ಕೆಯನ್ನು ಕಾರಣ ಕೊಟ್ಟು ಹೊಡೆಯೋಕೆ ಆದರೆ ಒತ್ತು. ಅನಿಸಿಕೆ ಮಾತ್ರ ಇದ್ದರೆ ಬಿಡು.

ಪ್ರಶ್ನೆ (ರಿಪೀಟರ್, ವಿಜಯಪುರ): ಹಳೇ ಪ್ರಶ್ನೆಪತ್ರಿಕೆ ಎಷ್ಟು ವರ್ಷದ್ದು ಮಾಡಬೇಕು ಸರ್?

ಮೇಷ್ಟ್ರು: ಹತ್ತು ವರ್ಷದ್ದು. ಆದರೆ ಈಗಿನ ಪಠ್ಯಪುಸ್ತಕ ಪಕ್ಕದಲ್ಲಿರಲಿ. ಪೊಟೆನ್ಶಿಯೋಮೀಟರ್, ಫಸ್ಟ್ ಪಿಯು ಗಣಿತದ ಮ್ಯಾಥಮೆಟಿಕಲ್ ಇಂಡಕ್ಷನ್, ಇಂಥವು ಪುಸ್ತಕದಿಂದ ಹೋಗಿವೆ. 2024ರ ಸಿಇಟಿಯಲ್ಲಿ ಪಠ್ಯದ ಹೊರಗಿನ ಪ್ರಶ್ನೆಗಳು ಬಂದು ದೊಡ್ಡ ಗಲಾಟೆ ಆಗಿ, ನಾಲ್ಕು ವಿಷಯ ಸೇರಿ 50 ಪ್ರಶ್ನೆ ಕೈಬಿಟ್ಟು ಉಳಿದವಕ್ಕೆ ಮಾತ್ರ ಅಂಕ ಹಾಕಿದರು. ಪುಸ್ತಕದಲ್ಲಿ ಇಲ್ಲದ್ದಕ್ಕೆ ತಲೆ ಕೆಡಿಸಿಕೊಳ್ಳಬೇಡ. ಪತ್ರಿಕೆಯನ್ನು ಬೆಳಗ್ಗೆ ಹತ್ತೂವರೆಗೆ ಕೂತು ಬರೆ, ರಾತ್ರಿ ಹನ್ನೊಂದಕ್ಕಲ್ಲ.

ಪ್ರಶ್ನೆ (ಒಬ್ಬ ತಾಯಿ, ಶಿವಮೊಗ್ಗ): ದಿನಕ್ಕೆ ಎಷ್ಟು ಗಂಟೆ ಓದಿಸಬೇಕು ಸರ್? ಮಗ ಫೋನ್ ಬಿಡಲ್ಲ.

ಮೇಷ್ಟ್ರು: ಗಂಟೆ ಎಣಿಸಬೇಡಿ ಅಮ್ಮ. ಇವತ್ತು ಎಷ್ಟು ಹಾಳೆ ರಫ್ ವರ್ಕ್ ಆಯಿತು ಅಂತ ಕೇಳಿ. ಲೆಕ್ಕದ ವಿಡಿಯೋ ನೋಡೋದೂ ಫೋನ್ ನೋಡೋದೇ. ನಿದ್ದೆ ಕೆಡಿಸಬೇಡಿ.

ಮೊದಲ ಪ್ರಶ್ನೆ ಕೇಳಿದವನು (ಹಾಸನ): ಸರ್, ತಂತಿ ಲೆಕ್ಕ. ಉದ್ದ ಎರಡರಷ್ಟು, ಹಾಗಾಗಿ ರೆಸಿಸ್ಟೆನ್ಸೂ ಎರಡರಷ್ಟು. 10. ಸಿ ಅಲ್ವಾ? ಇಪ್ಪತ್ತೇ ಸೆಕೆಂಡಲ್ಲಿ ಮಾಡಿದೆ.

ಮೇಷ್ಟ್ರು: ತಪ್ಪು. ಎಳೆದಾಗ ತಂತಿ ತೆಳ್ಳಗೆ ಆಗಲ್ವಾ? ಇರುವ ತಾಮ್ರ ಅಷ್ಟೇ.

ಹಾಸನ: ಅಯ್ಯೋ. ವಿಸ್ತೀರ್ಣ ಅರ್ಧ ಆಗುತ್ತೆ. ಉದ್ದದಿಂದ ಎರಡು ಪಟ್ಟು, ವಿಸ್ತೀರ್ಣದಿಂದ ಎರಡು ಪಟ್ಟು. ಒಟ್ಟು ನಾಲ್ಕು. 20 ಓಮ್, ಡಿ.

ಮೇಷ್ಟ್ರು: ಸರಿ. ಈಗ ಮೊದಲಿನ 5 ಓಮ್ ತಂತಿಯನ್ನೇ ಎಳೆಯದೆ ನಡುವೆ ಮಡಚಿ, ಎರಡು ಎಳೆ ಸೇರಿಸಿ ಹೊಸೆದರೆ?

ಹಾಸನ: ಉದ್ದ ಅರ್ಧ, ವಿಸ್ತೀರ್ಣ ಎರಡರಷ್ಟು. 1.25. ಈ ಸಲ ಚಿತ್ರ ಬರೆದೆ ಸರ್, ಒಂದು ನಿಮಿಷ ಹಿಡೀತು.