ಪಿಂಕ್ ಕುಶ್, ‘ಇಂಡಿಕಾ’ ಹಣೆಪಟ್ಟಿ, ನಿದ್ದೆ: ಒಂಟಾರಿಯೋ ಕನ್ನಡಿಗರ ಗಾಂಜಾ ಪ್ರಶ್ನೆಗಳಿಗೆ ಫಾರ್ಮಸಿಸ್ಟ್, ಬೆಳೆಗಾರರ ಉತ್ತರ

ಪ್ರಶ್ನೆ (ಮಿಸಿಸಾಗಾ): ನಮಸ್ಕಾರ ಸರ್. ಲೈಸೆನ್ಸ್ ಇರುವ ಗಾಂಜಾ ಅಂಗಡಿಯಲ್ಲಿ ಪಿಂಕ್ ಕುಶ್ ಅನ್ನೋ ತಳಿಯ ಒಣ ಹೂವು ತಗೊಂಡೆ. “ಇದು ಇಂಡಿಕಾ ಜಾತಿ, ರಾತ್ರಿಗೆ ಸರಿ, ಚೆನ್ನಾಗಿ ನಿದ್ದೆ ಬರುತ್ತೆ” ಅಂದರು. ಡಬ್ಬಿ ಮೇಲೆ ಟಿಎಚ್‌ಸಿ 8, ಟೋಟಲ್ ಟಿಎಚ್‌ಸಿ 221 ಅಂತ ಎರಡು ಸಂಖ್ಯೆ ಇದೆ. ಯಾವುದು ಲೆಕ್ಕಕ್ಕೆ? ಮೊದಲ ಸಲ ತಗೊಳ್ಳೋದು, ಎಷ್ಟರಿಂದ ಶುರು ಮಾಡಬೇಕು?

ಉತ್ತರ (ಫಾರ್ಮಸಿಸ್ಟ್): ನಮಸ್ಕಾರ. ಲೆಕ್ಕಕ್ಕೆ ಬರೋದು 221. ಒಣಗಿಸಿದ ಹೂವಿನಲ್ಲಿ ಅಮಲು ತರುವ ಟಿಎಚ್‌ಸಿ ಬಹಳ ಕಡಿಮೆ. ಹೆಚ್ಚಿನದೆಲ್ಲ ಅದರ ಆಮ್ಲರೂಪ, ಟಿಎಚ್‌ಸಿಎ. ಬಿಸಿ ತಾಗಿದಾಗ ಅದರಿಂದ ಇಂಗಾಲದ ಡೈಆಕ್ಸೈಡ್ ಕಳಚಿಕೊಂಡು ಟಿಎಚ್‌ಸಿ ಆಗುತ್ತೆ, ತೂಕ ಸ್ವಲ್ಪ ಇಳಿಯುತ್ತೆ. ಅದಕ್ಕೇ ಟಿಎಚ್‌ಸಿಎಯನ್ನು 0.877ರಿಂದ ಗುಣಿಸಿ, ಮೊದಲೇ ಇರುವ ಟಿಎಚ್‌ಸಿಗೆ ಕೂಡಿಸುತ್ತಾರೆ. ನಿಮ್ಮ ಡಬ್ಬಿಯಲ್ಲಿ ಟಿಎಚ್‌ಸಿಎ ಸುಮಾರು 243 ಇರಬೇಕು: 243ಕ್ಕೆ 0.877 ಅಂದರೆ 213, ಅದಕ್ಕೆ 8 ಸೇರಿಸಿ 221. ಇದು ಪ್ರತಿ ಗ್ರಾಂಗೆ ಮಿಲಿಗ್ರಾಂ ಲೆಕ್ಕ. ಶೇಕಡಾದಲ್ಲಿ 22.1.

ಮೊದಲ ಸಲಕ್ಕೆ ಇದು ಜೋರಾಯಿತು. ಹೊಸಬರು ಸೇದುವುದಾದರೆ ಗ್ರಾಂಗೆ 100 ಮಿಲಿಗ್ರಾಂ ಅಥವಾ ಅದಕ್ಕಿಂತ ಕಡಿಮೆ ಇರುವುದನ್ನು ಆರಿಸಿಕೊಳ್ಳಿ ಅನ್ನೋದು ಇಲ್ಲಿನ ಸರ್ಕಾರದ ಆರೋಗ್ಯ ಇಲಾಖೆ, ಹೆಲ್ತ್ ಕೆನಡಾ, ಸಲಹೆ. ಸುತ್ತಿ ಮಾರುವ ಅರ್ಧ ಗ್ರಾಂನ ಒಂದು ಪ್ರೀ-ರೋಲ್‌ನಲ್ಲೇ 110 ಮಿಲಿಗ್ರಾಂ ಟಿಎಚ್‌ಸಿ ಇರುತ್ತೆ. ಅದರಲ್ಲಿ ರಕ್ತ ಸೇರೋದು ಶೇ. 10ರಿಂದ 35ರಷ್ಟು, ಎಷ್ಟು ಉದ್ದ ಎಳೆಯುತ್ತೀರಿ, ಎಷ್ಟು ಹೊಗೆ ಹಾಗೇ ಹೋಗುತ್ತೆ ಅನ್ನೋದರ ಮೇಲೆ ಬದಲಾಗುತ್ತೆ. ಹಾಗಾಗಿ ಒಂದೇ ಒಂದು ಸಣ್ಣ ದಮ್ಮು ಎಳೆದು ಆರಿಸಿ ಇಡಿ. 20 ನಿಮಿಷ ಕಾಯಿರಿ. ಉಸಿರು ಬಿಗಿಹಿಡಿಯಬೇಡಿ. ಅದರಿಂದ ಅಮಲು ಅಷ್ಟೇನೂ ಏರೋದಿಲ್ಲ, ಟಾರ್ ಮಾತ್ರ ಹೆಚ್ಚು ಒಳಗೆ ಹೋಗುತ್ತೆ. ಅವತ್ತು ಬಿಯರ್, ವೈನ್ ಏನೂ ಬೇಡ. ಮದ್ಯ ಮೊದಲೇ ಒಳಗಿದ್ದರೆ ರಕ್ತದಲ್ಲಿ ಟಿಎಚ್‌ಸಿ ಮಟ್ಟ ಇನ್ನೂ ಮೇಲೇರುತ್ತೆ. ಹೀಗೆ ಎರಡನ್ನೂ ಬೆರೆಸಿದರೆ ತಲೆ ಸುತ್ತಿ, ಬೆವರಿ, ವಾಂತಿ ಆಗುವ ಸಾಧ್ಯತೆ ಹೆಚ್ಚು.

ಏನಾಗುತ್ತೆ ಅಂತ ಮೊದಲೇ ಗೊತ್ತಿದ್ದರೆ ಗಾಬರಿ ಕಡಿಮೆ. ಮೊದಲ ಕೆಲವು ನಿಮಿಷದಲ್ಲೇ ಬಾಯಿ ಒಣಗುತ್ತೆ, ಕಣ್ಣು ಕೆಂಪಾಗುತ್ತೆ, ಎದೆಬಡಿತ ಶೇ. 20ರಿಂದ 50ರಷ್ಟು ಏರಬಹುದು. ಆಮೇಲೆ ಭುಜ, ಕುತ್ತಿಗೆ ಸಡಿಲ, ರೆಪ್ಪೆ ಭಾರ, ಹಸಿವು, ಗಡಿಯಾರ ನಿಧಾನವಾದ ಹಾಗೆ. ಪಿಂಕ್ ಕುಶ್ ಹೆಸರು ಮಾಡಿರೋದು ಇದರ ನಂತರದ ಹಂತಕ್ಕೆ: ಕೂತಲ್ಲಿಂದ ಏಳೋಕೆ ಮನಸ್ಸಾಗದ ಮಂಪರು, ಇಲ್ಲಿಯವರು ಕೌಚ್-ಲಾಕ್ ಅನ್ನುತ್ತಾರಲ್ಲ, ಅದು. ಒಟ್ಟು 2ರಿಂದ 4 ಗಂಟೆ. ದಮ್ಮು ಜಾಸ್ತಿ ಆದರೆ ಇದೇ ಹೂವು ನಿದ್ದೆಯ ಬದಲು ಎದೆ ಡವಡವ, ಭಯ, ಅನುಮಾನ ತರುತ್ತೆ. “ಇಂಡಿಕಾ ಅಲ್ವಾ, ಗಾಬರಿ ಆಗಲ್ಲ” ಅನ್ನೋ ಮಾತನ್ನು ದಯವಿಟ್ಟು ನಂಬಬೇಡಿ.

ಪ್ರಶ್ನೆ (ವಾಟರ್‌ಲೂ): ಹಾಗಾದ್ರೆ ಇಂಡಿಕಾ ಅಂದ್ರೆ ನಿದ್ದೆ, ಸಟೈವಾ ಅಂದ್ರೆ ಚುರುಕು ಅನ್ನೋದೆಲ್ಲ ಬರೀ ಮಾತಾ ಸರ್? ಹೂವು ನೋಡೋಕೇನೋ ಬೇರೆ ಬೇರೆ ಥರ ಇರುತ್ತಲ್ಲ?

ಉತ್ತರ (ಲೈಸೆನ್ಸ್ ಇರುವ ಗ್ರೀನ್‌ಹೌಸ್‌ನಲ್ಲಿ ಬೆಳೆಗಾರ): ಗಿಡದ ಭಾಗಕ್ಕೆ ನಾನು ಉತ್ತರಿಸುತ್ತೇನೆ. ಗಿಡದಲ್ಲಿ ವ್ಯತ್ಯಾಸ ನಿಜವಾಗಿಯೂ ಇದೆ. ಇಂಡಿಕಾ ಪಾಲು ಹೆಚ್ಚಿರುವ ಗಿಡ ಕುಳ್ಳು, ಪೊದೆಯ ಹಾಗೆ ಹರಡುತ್ತೆ, ಎಲೆಯ ಬೆರಳು ಅಗಲ, ಗಿಣ್ಣಿನಿಂದ ಗಿಣ್ಣಿಗೆ ಅಂತರ ಕಡಿಮೆ, ಮೊಗ್ಗು ಗಟ್ಟಿ. ಬೆಳಕನ್ನು ದಿನಕ್ಕೆ 12 ಗಂಟೆಗೆ ಇಳಿಸಿದ ಮೇಲೆ 7ರಿಂದ 9 ವಾರಕ್ಕೆ ಕೊಯ್ಲು. ಇವುಗಳ ಮೂಲ ಅಫ್ಘಾನಿಸ್ತಾನ, ಪಾಕಿಸ್ತಾನದ ಹಿಂದೂಕುಶ್ ಬೆಟ್ಟಸಾಲು. ಅಲ್ಲಿ ಬೆಳೆಯುವ ಕಾಲ ಉದ್ದ ಇಲ್ಲ, ಚಳಿ ಬೇಗ ಬರುತ್ತೆ, ಅದಕ್ಕೇ ಗಿಡ ಬೇಗ ಮುಗಿಸಿಕೊಳ್ಳುತ್ತೆ.

ಆದರೆ 1785ರಲ್ಲಿ ಫ್ರೆಂಚ್ ಸಸ್ಯಶಾಸ್ತ್ರಜ್ಞ ಲಾಮಾರ್ಕ್ ‘ಇಂಡಿಕಾ’ ಅಂತ ಪ್ರತ್ಯೇಕ ಜಾತಿ ಗುರುತಿಸಿದ್ದು ಭಾರತದ ಗಿಡ ನೋಡಿ. ನಮ್ಮ ದಕ್ಷಿಣದ ಗಿಡ, ಉದಾಹರಣೆಗೆ ಇಡುಕ್ಕಿ ಕಡೆಯದು, ಎತ್ತರವಾಗಿ ಬೆಳೆಯುತ್ತೆ, ಎಲೆ ಕಿರಿದು, ಹೂ ಬಲಿಯೋಕೆ ಬಹಳ ಕಾಲ ಬೇಕು. ಇವತ್ತಿನ ಅಂಗಡಿಯವರು ಅದನ್ನು ನೋಡಿದರೆ ಸಟೈವಾ ಕಪಾಟಿಗೆ ಹಾಕುತ್ತಾರೆ! ಇನ್ನು ಈಗ ಮಾರಾಟದಲ್ಲಿ ಇರೋದೆಲ್ಲ ಹತ್ತಾರು ಸಲ ಅಡ್ಡತಳಿ ಆದದ್ದು. ಪಿಂಕ್ ಕುಶ್, ಓಜಿ ಕುಶ್ ಅನ್ನೋ ಇನ್ನೊಂದು ತಳಿಯ ಕಡೆಯದು ಅನ್ನುತ್ತಾರೆ. ಎರಡು ಕಂಪನಿಯ ಪಿಂಕ್ ಕುಶ್ ಒಂದೇ ಗಿಡದ ಕಟಿಂಗ್ ಆಗಿರಲೇಬೇಕು ಅಂತೇನಿಲ್ಲ.

ಉತ್ತರ (ಫಾರ್ಮಸಿಸ್ಟ್): ಮುಂದಿನ ಭಾಗ ನನ್ನದು. 2021ರಲ್ಲಿ ಹ್ಯಾಲಿಫ್ಯಾಕ್ಸ್‌ನ ಡಾಲ್‌ಹೌಸಿ ವಿಶ್ವವಿದ್ಯಾಲಯದವರು ಸೇರಿ ನೂರಾರು ಮಾದರಿಗಳನ್ನು ಪರೀಕ್ಷಿಸಿದರು. ಇಂಡಿಕಾ, ಸಟೈವಾ ಅನ್ನೋ ಹಣೆಪಟ್ಟಿಗೂ ಒಟ್ಟಾರೆ ವಂಶವಾಹಿಗೂ ಹೊಂದಾಣಿಕೆ ಬಹಳ ಕಡಿಮೆ ಅಂತ ಬಂತು. ಹೊಂದಿದ್ದು ಕೆಲವೇ ಟರ್ಪೀನ್‌ಗಳಿಗೆ, ಅಂದರೆ ವಾಸನೆ ಕೊಡುವ ಎಣ್ಣೆಯಂಶಕ್ಕೆ. ಇಂಡಿಕಾ ಅಂತ ಬರೆದದ್ದರಲ್ಲಿ ಮಣ್ಣಿನ ವಾಸನೆಯ ಮಿರ್ಸೀನ್ ಹೆಚ್ಚು. ಜನ ಮೂಗಿನಿಂದ ವಿಂಗಡಿಸಿದ್ದಾರೆ ಅಂತಲೇ ಅರ್ಥ.

ಮಿರ್ಸೀನೇ ನಿದ್ದೆ ತರುತ್ತೆ ಅನ್ನೋ ಮಾತೂ ಓಡಾಡುತ್ತಿದೆ. ಇಲಿಗಳಿಗೆ ಕೊಟ್ಟು ನೋಡಿದ ಪ್ರಮಾಣ ದೇಹತೂಕದ ಕಿಲೋಗೆ 200 ಮಿಲಿಗ್ರಾಂ. ನಿಮ್ಮ ಹೂವಿನಲ್ಲಿ ಗ್ರಾಂಗೆ 6 ಮಿಲಿಗ್ರಾಂ ಮಿರ್ಸೀನ್ ಇದೆ ಅಂದುಕೊಳ್ಳಿ, 0.1 ಗ್ರಾಂ ಸೇದಿದರೆ 0.6 ಮಿಲಿಗ್ರಾಂ. ಎಲ್ಲಿಂದೆಲ್ಲಿಗೆ! ನಿದ್ದೆ ಬರೋದು ಮುಖ್ಯವಾಗಿ ಟಿಎಚ್‌ಸಿ ಪ್ರಮಾಣದಿಂದ, ತಗೊಂಡ ಹೊತ್ತಿನಿಂದ, ನಿಮ್ಮ ದಣಿವಿನಿಂದ. ಹಾಗಾಗಿ ಅಂಗಡಿಯಲ್ಲಿ “ಇಂಡಿಕಾ ಕೊಡಿ” ಅನ್ನೋ ಬದಲು ಮೂರು ವಿಷಯ ನೋಡಿ: ಟೋಟಲ್ ಟಿಎಚ್‌ಸಿ, ಸಿಬಿಡಿ (ಗಾಂಜಾದಲ್ಲೇ ಇರುವ, ಅಮಲು ತರದ ಅಂಶ) ಎಷ್ಟಿದೆ, ಪ್ಯಾಕ್ ಮಾಡಿದ ದಿನಾಂಕ.

ಪ್ರಶ್ನೆ (ಬ್ರಾಂಪ್ಟನ್): ಮೊಗ್ಗಿನ ಮೇಲೆ ಬಿಳಿ ಪುಡಿ ಥರ ಇದೆ. ಅದು ಒಳ್ಳೇದಾ, ಬೂಷ್ಟಾ?

ಉತ್ತರ (ಬೆಳೆಗಾರ): 30 ಪಟ್ಟು ದೊಡ್ಡದು ತೋರಿಸುವ ಸಣ್ಣ ಲೂಪ್ ತಗೊಳ್ಳಿ, ಜಾಸ್ತಿ ಬೆಲೆ ಇಲ್ಲ. ತೆಳು ಕಡ್ಡಿಯ ತುದಿಗೆ ಗುಂಡು ತಲೆ ಕಂಡರೆ ಅದು ಟ್ರೈಕೋಮ್, ಟಿಎಚ್‌ಸಿ ಇರೋದೇ ಅಲ್ಲಿ. ತಲೆ ಗಾಜಿನ ಹಾಗೆ ತಿಳಿಯಾಗಿದ್ದರೆ ಎಳಸು, ಹಾಲುಬಣ್ಣ ಆದರೆ ಬಲಿತದ್ದು, ಕಂದು ತಿರುಗಿದರೆ ದಾಟಿದ್ದು. ಹಾಗಲ್ಲದೆ ತಲೆಯೇ ಇಲ್ಲದ ಎಳೆಗಳು ಹೆಣೆದುಕೊಂಡಿದ್ದರೆ, ಅಥವಾ ಎಲೆಯ ಮೇಲೆ ಹಿಟ್ಟು ಚೆಲ್ಲಿದಂತೆ ಚಪ್ಪಟೆ ಕಲೆ ಇದ್ದರೆ ಬೂಷ್ಟು.

ಗಟ್ಟಿ ಮೊಗ್ಗಿನ ಕುಶ್ ಜಾತಿಗೆ ಇನ್ನೊಂದು ಕಾಟ ಇದೆ, ಹೊರಗೆ ಕಾಣೋದಿಲ್ಲ. ಮೊಗ್ಗು ದಟ್ಟವಾಗಿರೋದರಿಂದ ನಡುವೆ ಗಾಳಿಯಾಡದೆ ಬೊಟ್ರೈಟಿಸ್ ಶಿಲೀಂಧ್ರ ಒಳಗಿನಿಂದ ಕೊಳೆಸುತ್ತೆ. ಉದ್ದಕ್ಕೆ ಸೀಳಿ ನೋಡಿ. ನಡುವಿನ ದಂಟು ಕಂದಾಗಿ ಮೆತ್ತಗಿದ್ದರೆ, ಬೂದು ನೂಲು ಎದ್ದಿದ್ದರೆ, ಒದ್ದೆ ಗೋಣಿಚೀಲದ ವಾಸನೆ ಬಂದರೆ ಪೂರ್ತಿ ಡಬ್ಬಿ ಬಿಸಾಡಿ. ಕೆಟ್ಟ ಭಾಗ ಕತ್ತರಿಸಿ ಉಳಿದದ್ದು ಬಳಸೋದು ಬೇಡ, ಸುಟ್ಟರೆ ಬೂಷ್ಟಿನ ವಿಷ ಹೋಗುತ್ತೆ ಅಂತ ನಂಬೋದೂ ಬೇಡ. ಆಸ್ತಮಾ ಇದ್ದವರಿಗೆ, ಕೀಮೋ ಆಗುತ್ತಿರುವವರಿಗೆ ಇದು ನಿಜಕ್ಕೂ ಅಪಾಯ. ಗಾಜಿನ ಭರಣಿ, ಕತ್ತಲು, 15ರಿಂದ 20 ಡಿಗ್ರಿ ಸೆಲ್ಸಿಯಸ್, ಒಳಗಿನ ತೇವ ಶೇ. 58ರಿಂದ 62. ಶೇ. 65 ದಾಟಿದರೆ ಬೂಷ್ಟು ಶುರು. ಫ್ರಿಜ್ ಬೇಡ, ತೆಗೆದಾಗಲೆಲ್ಲ ಬೆವರುತ್ತೆ.

ಪ್ರಶ್ನೆ (ಮಿಲ್ಟನ್): ಸೇದೋದು ಇಷ್ಟ ಇಲ್ಲ. ಒಂದು ಪ್ಯಾಕ್, 3.5 ಗ್ರಾಂ, ಮನೆಯಲ್ಲೇ ತುಪ್ಪಕ್ಕೆ ಹಾಕಿ ಕಾಯಿಸಿದರೆ ಹೇಗೆ? ಇಲ್ಲಾ ಇಂಡಿಕಾ ಗಮ್ಮಿ, ಅದೇ ಜಗಿಯೋ ಮಿಠಾಯಿ, ತಗೊಳ್ಳಲಾ?

ಉತ್ತರ (ಫಾರ್ಮಸಿಸ್ಟ್): ಮೊದಲು ತುಪ್ಪದ ಲೆಕ್ಕ ನೋಡಿ. 3.5 ಗ್ರಾಂಗೆ 221ರಂತೆ ಸುಮಾರು 773 ಮಿಲಿಗ್ರಾಂ. 250 ಗ್ರಾಂ ತುಪ್ಪಕ್ಕೆ ಪೂರ್ತಿ ಇಳಿದರೆ ಗ್ರಾಂಗೆ 3 ಮಿಲಿಗ್ರಾಂ. ಒಂದು ಟೀ ಚಮಚ ತುಪ್ಪ ಸುಮಾರು ನಾಲ್ಕೂವರೆ ಗ್ರಾಂ, ಅಂದರೆ ಒಂದೇ ಚಮಚದಲ್ಲಿ 14 ಮಿಲಿಗ್ರಾಂ ತನಕ. ಕೆನಡಾದಲ್ಲಿ ಒಂದು ಗಮ್ಮಿ ಪ್ಯಾಕೆಟ್ ಪೂರ್ತಿಗೆ ಇರಬಹುದಾದದ್ದೇ 10 ಮಿಲಿಗ್ರಾಂ, ಹೊಸಬರಿಗೆ ಹೇಳೋದು 2.5. ದೋಸೆಗೆ ಒಂದು ಚಮಚ ಹಾಕಿಕೊಂಡು, ಅರ್ಧ ಗಂಟೆ ಏನೂ ಆಗಲಿಲ್ಲ ಅಂತ ಇನ್ನೊಂದು ದೋಸೆಗೂ ಹಾಕಿದರೆ ರಾತ್ರಿಯಿಡೀ ಕಷ್ಟ. ಮನೆಯಲ್ಲಿ ಎಷ್ಟು ಇಳಿಯಿತು, ಎಲ್ಲ ಕಡೆ ಸಮವಾಗಿ ಬೆರೆಯಿತಾ ಅಂತ ಅಳೆಯೋಕೆ ದಾರಿ ಇಲ್ಲ. ಹೊಸಬರಿಗೆ ಗಮ್ಮಿಯೇ ವಾಸಿ: 10ರದ್ದಾದರೆ ಕಾಲು ಭಾಗ ಕತ್ತರಿಸಿ, ಕನಿಷ್ಠ 2 ಗಂಟೆ ಕಾಯಿರಿ, ಅವತ್ತಿಗೆ ಅಷ್ಟೇ.

ತಿಂದದ್ದು ನಿಧಾನ, ಆದರೆ ಉದ್ದ. ಲಿವರ್‌ನಲ್ಲಿ ಟಿಎಚ್‌ಸಿ 11-ಹೈಡ್ರಾಕ್ಸಿ-ಟಿಎಚ್‌ಸಿ ಆಗಿ ಬದಲಾಗುತ್ತೆ, ಅದರ ಅಮಲೂ ಗಟ್ಟಿ. ಹತ್ತೋಕೆ ಅರ್ಧದಿಂದ 2 ಗಂಟೆ, ಇಳಿಯೋಕೆ 8ರಿಂದ 12 ಗಂಟೆ, ಮರುದಿನ ಬೆಳಗ್ಗೆಯೂ ಮಂಕು ಉಳಿಯಬಹುದು. ಇನ್ನು ಗಮ್ಮಿ ಮೇಲಿನ ‘ಇಂಡಿಕಾ’ ಪದಕ್ಕಂತೂ ಇನ್ನೂ ಕಡಿಮೆ ಅರ್ಥ. ಬಹಳಷ್ಟು ಗಮ್ಮಿಗೆ ಹಾಕೋದು ಡಿಸ್ಟಿಲೇಟ್, ಅಂದರೆ ಭಟ್ಟಿ ಇಳಿಸಿ ಶುದ್ಧ ಮಾಡಿದ ಎಣ್ಣೆ, ಗಿಡದ ಗುಣ ಅದರಲ್ಲಿ ಹೆಚ್ಚೇನೂ ಉಳಿದಿರೋಲ್ಲ.

ಹೊಗೆ ಬೇಡ ಅನ್ನೋದಾದರೆ ಒಣ ಹೂವಿನ ವೇಪರೈಸರ್ ಕೂಡ ಇದೆ, 180ರಿಂದ 195 ಡಿಗ್ರಿ ಸೆಲ್ಸಿಯಸ್‌ಗೆ ಇಡಿ. 230 ದಾಟಿದರೆ ಸುಡುತ್ತೆ, ಆಮೇಲೆ ಅದಕ್ಕೂ ಬೀಡಿಗೂ ಏನು ವ್ಯತ್ಯಾಸ?

ಮಕ್ಕಳಿರುವ ಮನೆಯಲ್ಲಿ ಗಮ್ಮಿ, ತುಪ್ಪ ಎರಡೂ ಬೀಗದ ಡಬ್ಬಿಯೊಳಗೆ ಇರಲಿ. ಮಗು ತಿಂದಿದೆ ಅನ್ನಿಸಿದರೆ ಲಕ್ಷಣ ಕಾಣಲಿ ಅಂತ ಕಾಯಬೇಡಿ. ಪಾಯ್ಸನ್ ಸೆಂಟರ್‌ಗೆ 1-844-764-7669ಕ್ಕೆ ಫೋನ್ ಮಾಡಿ. ಮಗು ತೂಕಡಿಸಿ ಎಬ್ಬಿಸಿದರೂ ಏಳದಿದ್ದರೆ, ಉಸಿರು ನಿಧಾನವಾದರೆ ನೇರ 911. ಪ್ಯಾಕೆಟ್ ಜೊತೆಗೆ ತಗೊಂಡು ಹೋಗಿ.

ಪ್ರಶ್ನೆ (ಮಾರ್ಕಮ್): ನಮ್ಮ ಅಮ್ಮ ಮೈಸೂರಿನಿಂದ ಬಂದಿದ್ದಾರೆ, 71 ವರ್ಷ. ಮಂಡಿ ನೋವು, ರಾತ್ರಿ ನಿದ್ದೆ ಇಲ್ಲ. ರಕ್ತ ಹೆಪ್ಪುಗಟ್ಟದಿರೋಕೆ ವಾರ್ಫರಿನ್, ಬಿಪಿ ಮಾತ್ರೆ, ಮಲಗುವಾಗ ನಿದ್ದೆಗೆ ಅಲ್ಪ್ರಜೋಲಮ್ ತಗೋತಾರೆ. ಇಂಡಿಕಾ ಎಣ್ಣೆ ಎರಡು ಹನಿ ಹಾಕಬಹುದಾ?

ಉತ್ತರ (ಫಾರ್ಮಸಿಸ್ಟ್): ಬೇಡ ಮೇಡಂ. ಖಂಡಿತ ಬೇಡ. ವಾರ್ಫರಿನ್ ಕರಗೋದು ಲಿವರ್‌ನ ಸಿವೈಪಿ2ಸಿ9 ಅನ್ನೋ ಕಿಣ್ವದಿಂದ. ಟಿಎಚ್‌ಸಿ ಕೂಡ ಅದೇ ದಾರಿ ಹಿಡಿಯುತ್ತೆ, ಸಿಬಿಡಿ ಆ ಕಿಣ್ವಕ್ಕೆ ಅಡ್ಡಿ ಮಾಡುತ್ತೆ. ವಾರ್ಫರಿನ್ ರಕ್ತದಲ್ಲೇ ಉಳಿದು ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಅನ್ನೋದರ ಅಳತೆ) ಏರಿದರೆ ಒಳಗೇ ರಕ್ತಸ್ರಾವ ಆಗಬಹುದು. ಅಲ್ಪ್ರಜೋಲಮ್ ಜೊತೆ ಮಂಪರು ಇನ್ನೂ ಹೆಚ್ಚು. ಬಿಪಿ ಮಾತ್ರೆ ಮೇಲೆ ಟಿಎಚ್‌ಸಿ ಸೇರಿದರೆ ಎದ್ದು ನಿಂತಾಗ ಒತ್ತಡ ಥಟ್ಟನೆ ಇಳಿಯುತ್ತೆ. ರಾತ್ರಿ ಎರಡು ಗಂಟೆಗೆ ಬಾತ್‌ರೂಮಿಗೆ ಎದ್ದವರು ಬಿದ್ದರೆ, ವಾರ್ಫರಿನ್ ಇರೋವಾಗ ತಲೆಗೆ ಬಿದ್ದ ಸಣ್ಣ ಏಟೂ ದೊಡ್ಡದೇ. ಈಗಾಗಲೇ ಕೊಟ್ಟಿದ್ದರೆ ಮುಚ್ಚಿಡದೆ ಡಾಕ್ಟರಿಗೆ ಹೇಳಿ, ಐಎನ್‌ಆರ್ ಮಾಡಿಸಿ. ಕೆನಡಾದಲ್ಲಿ ಇದು ಕಾನೂನುಬದ್ಧ, ಹೇಳಿಕೊಳ್ಳೋದಕ್ಕೆ ಸಂಕೋಚ ಬೇಡ. ಮಂಡಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಕೂಡ ವಾರ್ಫರಿನ್ ಇರೋವಾಗ ಕೇಳಿಯೇ ಹಚ್ಚಬೇಕು. ಅಮ್ಮನ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ನಿಮ್ಮ ಹತ್ತಿರದ ಫಾರ್ಮಸಿಗೆ ಹೋಗಿ ತೋರಿಸಿ.

ಇವರೂ ದೂರ ಇರಬೇಕು: ಗರ್ಭಿಣಿಯರು, ಹಾಲುಣಿಸುವವರು, ಹೃದಯದ ತೊಂದರೆ ಇರುವವರು, ತಮಗೆ ಅಥವಾ ಮನೆತನದಲ್ಲಿ ಸ್ಕಿಜೋಫ್ರೀನಿಯಾ, ಬೈಪೋಲಾರ್ ಇರುವವರು. 25 ವರ್ಷ ದಾಟದವರಿಗೂ ನಾನು ಬೇಡ ಅಂತಲೇ ಹೇಳೋದು, ಮೆದುಳು ಇನ್ನೂ ಬೆಳೆಯುತ್ತಿರುತ್ತೆ.

ಪ್ರಶ್ನೆ (ಕಿಚನರ್): ಆರು ತಿಂಗಳಿಂದ ದಿನಾ ರಾತ್ರಿ ತಗೋತಿದೀನಿ. ಮೊದಮೊದಲು ಒಂದು ದಮ್ಮಿಗೆ ನಿದ್ದೆ, ಈಗ ಅರ್ಧ ಜಾಯಿಂಟ್ ಬೇಕು. ಬಿಟ್ಟರೆ ಕೆಟ್ಟ ಕನಸು. ಏನು ಮಾಡಲಿ?

ಉತ್ತರ (ಫಾರ್ಮಸಿಸ್ಟ್): ದಿನಾ ಬಳಸಿದರೆ ಮೆದುಳಿನಲ್ಲಿ ಟಿಎಚ್‌ಸಿ ಹೋಗಿ ಕೂರುವ ಸಿಬಿ1 ಗ್ರಾಹಕಗಳು ಕಡಿಮೆಯಾಗುತ್ತವೆ, ಅದಕ್ಕೇ ಪ್ರಮಾಣ ಏರುತ್ತಾ ಹೋಗೋದು. ಟಿಎಚ್‌ಸಿ ಕನಸಿನ ನಿದ್ದೆಯನ್ನು, ಅಂದರೆ ಆರ್‌ಇಎಂ ಹಂತವನ್ನು ಒತ್ತಿಹಿಡಿಯುತ್ತೆ. ಬಿಟ್ಟ ತಕ್ಷಣ ಅದು ಒಂದೇ ಸಲ ವಾಪಸ್ ಬರುತ್ತೆ. ಕನಸು, ಬೆವರು, ಸಿಡುಕು, ಊಟ ಸೇರದಿರೋದು ಮೊದಲ ವಾರ ಜೋರು, 2ರಿಂದ 3 ವಾರದಲ್ಲಿ ಇಳಿಯುತ್ತೆ. ಕನಸು ಮಾತ್ರ ಸ್ವಲ್ಪ ಹೆಚ್ಚು ದಿನ ಕಾಡಬಹುದು. ಒಮ್ಮೆಲೇ ಬಿಡೋದು ಕಷ್ಟ ಆದರೆ ವಾರಕ್ಕೆ ಕಾಲು ಭಾಗದಷ್ಟು ಇಳಿಸಿ, ಜೊತೆಗೆ ಕಡಿಮೆ ಟಿಎಚ್‌ಸಿ ಹೂವಿಗೆ ಇಳಿಯಿರಿ. ಹೆಚ್ಚು ಕಾಲದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ನಿದ್ದೆಯ ಅಭ್ಯಾಸ, ಯೋಚನೆ ಬದಲಿಸುವ ಸಿಬಿಟಿ-ಐ ಅನ್ನೋ ತರಬೇತಿ, ಫ್ಯಾಮಿಲಿ ಡಾಕ್ಟರ್ ಹತ್ತಿರ ಆ ಹೆಸರು ಹೇಳಿಯೇ ಕೇಳಿ.

ಒಂದು ಲಕ್ಷಣ ಮಾತ್ರ ಗಮನದಲ್ಲಿರಲಿ. ಬೆಳಗ್ಗೆ ಹೊಟ್ಟೆ ತೊಳಸಿ ಪದೇ ಪದೇ ವಾಂತಿ, ಬಿಸಿನೀರಿನ ಸ್ನಾನ ಮಾಡಿದಾಗ ಮಾತ್ರ ಸಮಾಧಾನ ಅನ್ನೋ ಹಾಗಿದ್ದರೆ ಅದು ಗಾಂಜಾದಿಂದಲೇ ಬರುವ ವಾಂತಿ ಕಾಯಿಲೆ. ಪೂರ್ತಿ ನಿಲ್ಲಿಸೋದೊಂದೇ ಪರಿಹಾರ.

ಪ್ರಶ್ನೆ (ಓಕ್‌ವಿಲ್): ರಾತ್ರಿ ತಗೊಂಡು ಬೆಳಗ್ಗೆ ಕಾರು ಓಡಿಸಬಹುದಾ? ಮುಂದಿನ ತಿಂಗಳು ಬೆಂಗಳೂರಿಗೆ ಹೋಗ್ತಿದೀನಿ, ಒಂದೆರಡು ಗಮ್ಮಿ ಬ್ಯಾಗಲ್ಲಿದ್ರೆ ತೊಂದರೆನಾ?

ಉತ್ತರ (ಫಾರ್ಮಸಿಸ್ಟ್): ಕಾರು: ಸೇದಿದ ಮೇಲೆ ಕನಿಷ್ಠ 6ರಿಂದ 8 ಗಂಟೆ, ತಿಂದಿದ್ದರೆ ಅದಕ್ಕೂ ಹೆಚ್ಚು. ಮಂಪರು ಉಳಿದಿದ್ದರೆ ಗಂಟೆ ಲೆಕ್ಕ ಬಿಟ್ಟು ಬಸ್ಸು ಹತ್ತಿ. ರಕ್ತದ ಮಿಲಿಲೀಟರ್‌ಗೆ ಟಿಎಚ್‌ಸಿ 2 ನ್ಯಾನೋಗ್ರಾಂ ಇದ್ದರೇ ಅಪರಾಧ, 5 ದಾಟಿದರೆ ಶಿಕ್ಷೆ ಜೋರು. ಒಂಟಾರಿಯೋದಲ್ಲಿ 21 ಮತ್ತು ಅದಕ್ಕಿಂತ ಕೆಳಗಿನವರು, ಜಿ1, ಜಿ2 ಅನ್ನೋ ಹೊಸ ಚಾಲಕರ ಲೈಸೆನ್ಸಿನವರು, ಟ್ರಕ್ ಓಡಿಸುವವರಿಗೆ ಸೊನ್ನೆ ಮಿತಿ.

ಬೆಂಗಳೂರು: ಒಂದು ಗಮ್ಮಿಯೂ ಬೇಡ. ಕೆನಡಾದಿಂದ ಹೊರಗೆ ಒಯ್ಯೋದೇ ಇಲ್ಲಿ ಅಪರಾಧ. ಅಲ್ಲಿ 1985ರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕವಸ್ತು ತಡೆ ಕಾನೂನು. ಇಲ್ಲಿನ ರಸೀದಿ ತೋರಿಸಿದರೆ ನಡೆಯೋದಿಲ್ಲ. ಗಾಂಜಾ 1 ಕಿಲೋ ತನಕ ‘ಅಲ್ಪ ಪ್ರಮಾಣ’, ಅದಕ್ಕೂ ಒಂದು ವರ್ಷದವರೆಗೆ ಕಠಿಣ ಸಜೆ, 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ವೇಪ್ ಕಾರ್ಟ್ರಿಜ್‌ನ ಗಟ್ಟಿ ಎಣ್ಣೆ ಚರಸ್ ಲೆಕ್ಕಕ್ಕೆ ಬರುತ್ತೆ, ಅದರ ಅಲ್ಪ ಪ್ರಮಾಣದ ಮಿತಿ 100 ಗ್ರಾಂ ಮಾತ್ರ. ಹೊರಡೋ ಮೊದಲು ಜಾಕೆಟ್ ಜೇಬು, ಲ್ಯಾಪ್‌ಟಾಪ್ ಬ್ಯಾಗಿನ ಸಣ್ಣ ಜಿಪ್ ಎಲ್ಲ ಖಾಲಿ ಮಾಡಿ ನೋಡಿ. ಅಲ್ಲಿ ಹೊಸ ಕೆಲಸಕ್ಕೆ ಮೂತ್ರ ಪರೀಕ್ಷೆ ಇದ್ದರೆ, ಒಮ್ಮೆ ತಗೊಂಡದ್ದು ಸುಮಾರು 3 ದಿನ, ದಿನಾ ತಗೊಳ್ಳುವವರದ್ದು 30 ದಿನಕ್ಕೂ ಹೆಚ್ಚು ಸಿಗಬಹುದು.